ಎರಡು ಬೆರಳು, ನಾಲ್ಕು ತಂತಿ

ಸ್ಲೇಯರ್ ತಂಡದ ‘ರೇನ್ ಇನ್ ಬ್ಲಡ್’ ಕ್ಯಾಸೆಟ್ ಹಾಸ್ಟೆಲಿನ ಗೆಳೆಯನಿಂದ ನನ್ನ ಕೈಗೆ ಬಂದಾಗ ಅದರ ಎರಡೂ ಬದಿಯಲ್ಲಿ ಒಂದೇ ಆಲ್ಬಮ್ ಇತ್ತು. ತಯಾರಿಸುವಾಗ ಎಡವಟ್ಟಾಗಿದೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು: ಹತ್ತು ಹಾಡೂ ಸೇರಿ 29 ನಿಮಿಷಕ್ಕೆ ಮುಗಿದುಹೋಗುವುದರಿಂದ ಒಂದೊಂದು ಬದಿಗೂ ಇಡೀ ಆಲ್ಬಮ್ಮನ್ನೇ ತುಂಬಿದ್ದರು. ತಿರುಗಿಸಿ ಹಾಕಿದರೆ ಮತ್ತೆ ಅದೇ. ಆ ಚಳಿಗಾಲದಲ್ಲಿ ಅದನ್ನು ಎಷ್ಟು ಸಲ ತಿರುಗಿಸಿದೆನೋ ಲೆಕ್ಕವಿಲ್ಲ.

‘ರೇನ್ ಇನ್ ಬ್ಲಡ್’ಗೆ ಒಂದು ವರ್ಷ ಮೊದಲು ಅದೇ ತಂಡ ತಂದಿದ್ದ ‘ಹೆಲ್ ಅವೇಟ್ಸ್’ ಗುಹೆಯೊಳಗಿಂದ ಕೇಳಿಬಂದಂತೆ ಪ್ರತಿಧ್ವನಿಯಲ್ಲಿ ಅದ್ದಿದ ಆಲ್ಬಮ್. 1986ರಲ್ಲಿ ನಿರ್ಮಾಪಕನಾಗಿ ಬಂದ ರಿಕ್ ರೂಬಿನ್ ಹಿಪ್‌ಹಾಪ್‌ನಲ್ಲಿ ಪಳಗಿದವನು. ಅವನು ಆ ಪ್ರತಿಧ್ವನಿಯನ್ನು ಒಣಗಿಸಿಬಿಟ್ಟ. ನಿಮಿಷಕ್ಕೆ 200ರ ಆಚೀಚೆ ಪೆಟ್ಟುಗಳ ವೇಗದಲ್ಲಿ ನುಡಿಸುವಾಗ ಒಂದು ಪೆಟ್ಟಿನ ಬಾಲ ಮುಂದಿನದರ ಮೇಲೆ ಬಿದ್ದರೆ ಎಲ್ಲ ಕಲಸಿಹೋಗುತ್ತದೆ. ಬಾಲ ಕತ್ತರಿಸಿದ ಮೇಲೆ ಡ್ರಮ್ಮರ್ ಡೇವ್ ಲೊಂಬಾರ್ಡೊನ ಒಂದೊಂದು ಏಟೂ ಹಲಗೆಗೆ ಮೊಳೆ ಹೊಡೆದಂತೆ ಬಿಡಿಬಿಡಿಯಾಗಿ ಕೇಳತೊಡಗಿತು. ವೇಗಕ್ಕಾಗಿ ಹೆಸರಾದ ಈ ಆಲ್ಬಮ್ಮಿನ ಹೆಚ್ಚುಗಾರಿಕೆ ಇರುವುದು ಅದು ಕಳೆದದ್ದರಲ್ಲಿ. ನಾದದ ಮಟ್ಟಿಗೆ ನಾನು ಹತ್ತಕ್ಕೆ ಹತ್ತು ಕೊಡುವುದು ಇದಕ್ಕೇ.

ಮೆಟಲ್ ಆಲ್ಬಮ್ಮುಗಳಿಗೆ ಅಂಕ ಹಾಕುವವರು ಸಾಮಾನ್ಯವಾಗಿ ಹೆಚ್ಚಳವನ್ನು ಅಳೆಯುತ್ತಾರೆ. ಎಷ್ಟು ವೇಗ, ಎಷ್ಟು ಭಾರ, ಬೆರಳು ಎಷ್ಟು ಚುರುಕು. ಥ್ರ್ಯಾಶ್, ಡೆತ್, ಬ್ಲ್ಯಾಕ್, ಡೂಮ್ ಎಂಬ ಕವಲುಗಳನ್ನೂ ಹೀಗೆ ಒಂದರ ಮುಂದೆ ಒಂದನ್ನು ನಿಲ್ಲಿಸಿ ಎತ್ತರ ನೋಡುವುದುಂಟು. ಇಷ್ಟು ವರ್ಷ ಕೇಳಿದ ಮೇಲೆ ನನಗೆ ಅನ್ನಿಸಿರುವುದು ಬೇರೆ. ಈ ಪರಂಪರೆಯ ದೊಡ್ಡ ಕೃತಿಗಳೆಲ್ಲ ಯಾವುದೋ ಒಂದು ಕೊರತೆಯ ಸುತ್ತ ಕಟ್ಟಿದವು. ಬೆರಳು ಇಲ್ಲ, ತಂತಿ ಇಲ್ಲ, ದುಡ್ಡಿಲ್ಲ, ಸಮಯವಿಲ್ಲ. ಕೆಲವೊಮ್ಮೆ ಬೇಕೆಂದೇ ಬಿಟ್ಟುಕೊಟ್ಟದ್ದು. ಆ ಇಲ್ಲದ್ದಕ್ಕೆ ಒಂದು ರೂಪ ಬಂದಿದೆಯೇ ಎಂದು ನಾನು ಮೊದಲು ನೋಡುತ್ತೇನೆ.

ಮೊದಲ ಬೆರಳುಗಳು ಬರ್ಮಿಂಗ್‌ಹ್ಯಾಮಿನವು. ಹದಿನೇಳರ ಹುಡುಗ ಟೋನಿ ಐಯೊಮಿ ತಗಡಿನ ಕಾರ್ಖಾನೆಯ ಕೆಲಸ ಬಿಡುವ ಕೊನೆಯ ದಿನ, ಯಂತ್ರಕ್ಕೆ ಸಿಕ್ಕಿ ಬಲಗೈಯ ನಡುಬೆರಳು ಮತ್ತು ಉಂಗುರಬೆರಳಿನ ತುದಿ ಕಳೆದುಕೊಂಡ. ಎಡಚನಾದ್ದರಿಂದ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ, ತೆಳು ತಂತಿ ಹಾಕಿದ. ತನ್ನ ತಂಡ ಬ್ಲ್ಯಾಕ್ ಸ್ಯಾಬತ್‌ನ 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್ಮಿನ ಹೊತ್ತಿಗೆ ಬಿಗುವು ಸಡಿಲವಾಗಲೆಂದು ಕೆಲವು ಹಾಡುಗಳಲ್ಲಿ ಶ್ರುತಿಯನ್ನು ಮೂರು ಅರ್ಧಸ್ವರದಷ್ಟು ಇಳಿಸಿದ. ಮುಂದೆ ಐವತ್ತು ವರ್ಷ ಭಾರ ಎಂದು ಜಗತ್ತು ಕರೆದದ್ದು ಆ ಸಡಿಲ ತಂತಿಯ ನಾದವನ್ನು.

ಬ್ಲ್ಯಾಕ್ ಸ್ಯಾಬತ್‌ನ ಮೊದಲ ಆಲ್ಬಮ್ ಬಂದದ್ದು 1970ರ ಫೆಬ್ರುವರಿ 13ರಂದು. ಹೆಚ್ಚುಕಮ್ಮಿ ಒಂದೇ ದಿನದಲ್ಲಿ ಧ್ವನಿಮುದ್ರಿಸಿದ್ದು. ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್ ಅದನ್ನು ತಳ್ಳಿಹಾಕಿದ. ಅವನಿಗೆ ಅದು ಕ್ರೀಮ್ ತಂಡದ ಕಳಪೆ ನೆರಳಾಗಿ ಕಂಡಿತ್ತು. ಬ್ಲೂಸ್ ರಾಕ್‌ನ ಸಮೃದ್ಧಿಯನ್ನು ಹುಡುಕಿದವನಿಗೆ ಅದು ಸಿಗಲಿಲ್ಲ, ನಿಜ. ಅಲ್ಲಿ ಬಿಟ್ಟ ಜಾಗವನ್ನು ಅವನು ಕೇಳಿಸಿಕೊಳ್ಳಲಿಲ್ಲ.

ಆ ಜಾಗದ ಬಗ್ಗೆ ನಮ್ಮ ಕಿವಿಗೆ ಹೇಳಲು ಬೇರೆಯೇ ಮಾತಿದೆ. ಆಲ್ಬಮ್ಮಿನ ಮೊದಲ ಹಾಡಿನಲ್ಲಿ ಕೆಳಗಿನ ಷಡ್ಜ, ಮೇಲಿನ ಷಡ್ಜ, ಆಮೇಲೆ ನಡುಗುವ ಪ್ರತಿಮಧ್ಯಮ. ಮೂರೇ ಸ್ವರ. ಯುರೋಪಿನ ಸಂಗೀತದಲ್ಲಿ ಈ ಅಂತರಕ್ಕೆ ಸೈತಾನನ ಹೆಸರು ಅಂಟಿಕೊಂಡಿದೆ, ಹಾಗಾಗಿ ಈ ಹಾಡಿನ ಭಯವನ್ನೆಲ್ಲ ಆ ಸ್ವರಕ್ಕೇ ಕಟ್ಟಿ ವಿವರಿಸುವುದು ರೂಢಿ. ನಮ್ಮಲ್ಲಿ ಎಪ್ಪತ್ತೆರಡು ಮೇಳಗಳಲ್ಲಿ ಅರ್ಧದಷ್ಟು ಪ್ರತಿಮಧ್ಯಮದವು. ಕಲ್ಯಾಣಿ ಕೇಳಿ ಯಾರೂ ಹೆದರುವುದಿಲ್ಲ. ಥ್ರ್ಯಾಶ್ ಮತ್ತು ಡೆತ್ ಮೆಟಲ್ ರಿಫ್‌ಗಳು ಜಪದಂತೆ ಹಿಡಿದು ಕೂರುವ, ಷಡ್ಜಕ್ಕೆ ತಾಗಿಕೊಂಡ ಶುದ್ಧ ರಿಷಭವಂತೂ ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಹೇಳುವ ಮಗುವಿನ ಎರಡನೆಯ ಸ್ವರ. ಹಾಗಾದರೆ ಆ ಹಾಡು ನನ್ನನ್ನೂ ಏಕೆ ಹೆದರಿಸಿತು? ಕಾರಣ ಗಾಂಧಾರವಿಲ್ಲದಿರುವುದು ಎಂದು ನನಗನ್ನಿಸುತ್ತದೆ. ಗಿಟಾರಿನ ಸದ್ದನ್ನು ಒಡೆದು ಒರಟಾಗಿಸಿದಾಗ ಗಾಂಧಾರ ಸೇರಿದ ಸ್ವರಗುಚ್ಛ ರಾಡಿಯಾಗುತ್ತದೆ. ಷಡ್ಜ ಪಂಚಮ ಮಾತ್ರ ಸೇರಿದರೆ ಒಂದನ್ನೊಂದು ಬಲಪಡಿಸಿ, ನುಡಿಸದೇ ಇರುವ ಕೆಳಗಿನ ಷಡ್ಜವನ್ನೂ ಎಬ್ಬಿಸುತ್ತವೆ. ಅದಕ್ಕೇ ಮೆಟಲ್‌ನ ಮೂಲ ಘಟಕ ತಂಬೂರಿಯ ಹಾಗೆ ಬರಿಯ ಷಡ್ಜ ಪಂಚಮ. ತಂಬೂರಿಯ ಮೇಲೆ ಹಾಡುಗಾರ ಗಾಂಧಾರ ತಂದು ಇದು ಸುಖ, ಇದು ಶೋಕ ಎಂದು ತಿಳಿಸುತ್ತಾನೆ. ಸ್ಯಾಬತ್ ಅದನ್ನು ತರದೆ ಕಾಯಿಸುತ್ತದೆ. ಏನೆಂದು ತಿಳಿಯದ ಆ ಕಾಯುವಿಕೆಯೇ ಭಯ. ಈ ಆಲ್ಬಮ್ಮಿಗೆ ಹತ್ತಕ್ಕೆ ಒಂಬತ್ತು. ಎರಡನೆಯ ಬದಿಯ ಉದ್ದದ ಗಿಟಾರ್ ಅಲೆದಾಟಕ್ಕೆ ಒಂದು ಅಂಕ ಹೋಯಿತು.

2025ರ ಜುಲೈ 5ರಂದು ಆಸ್ಟನ್‌ನ ವಿಲ್ಲಾ ಪಾರ್ಕ್‌ನಲ್ಲಿ ಸ್ಯಾಬತ್‌ನ ನಾಲ್ವರೂ ಕೊನೆಯ ಸಲ ಒಟ್ಟಿಗೆ ನುಡಿಸಿದರು. ಪಾರ್ಕಿನ್ಸನ್ ಕಾಯಿಲೆಯ ಆಜಿ ಆಸ್‌ಬರ್ನ್ ಕುಳಿತೇ ಹಾಡಿದ. ಹದಿನೇಳು ದಿನಕ್ಕೆ ಹೋಗಿಬಿಟ್ಟ. ಆ ಒಡೆದ ದನಿಯಲ್ಲಿ ಶ್ರುತಿ ತಪ್ಪಿದ್ದನ್ನು ಎಣಿಸಿದವರಿದ್ದಾರೆ. ನಾನು ಎಣಿಸಲಿಲ್ಲ.

ಕೊರತೆಯೆಲ್ಲ ಕಲೆಯಾಗುವುದಿಲ್ಲ. ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’ ಬಂದ 1986ರಲ್ಲೇ, ಸೆಪ್ಟೆಂಬರಿನಲ್ಲಿ, ಸ್ವೀಡನ್ನಿನ ಬಸ್ ಅಪಘಾತದಲ್ಲಿ ಬಾಸ್ ವಾದಕ ಕ್ಲಿಫ್ ಬರ್ಟನ್ ಸತ್ತ. 1988ರ ‘...ಆ್ಯಂಡ್ ಜಸ್ಟಿಸ್ ಫಾರ್ ಆಲ್’ನಲ್ಲಿ ಅವನ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್‌ನ ಬಾಸ್ ಕಿವಿಗೆ ಬೀಳುವುದೇ ಇಲ್ಲ. ಮಿಕ್ಸಿಂಗ್‌ನಲ್ಲಿ ಅಷ್ಟು ತಗ್ಗಿಸಿದ್ದರು. ಅದು ಸತ್ತ ಗೆಳೆಯನಿಗೆ ಬಿಟ್ಟ ಖಾಲಿ ಕುರ್ಚಿ ಎಂದು ಅರ್ಥ ಹಚ್ಚುವವರನ್ನು ಕಂಡಿದ್ದೇನೆ. ಒಪ್ಪಲಾರೆ. ಖಾಲಿ ಕುರ್ಚಿ ಕಣ್ಣಿಗೆ ಕಾಣಬೇಕು. ಇಲ್ಲಿ ಉಳಿದವರು ಆ ಜಾಗಕ್ಕೂ ಕೈಕಾಲು ಚಾಚಿ ಕುಳಿತಿದ್ದಾರೆ, ಒಂದರ ಬೆನ್ನಿಗೆ ಒಂದು ರಿಫ್ ಪೇರಿಸಿದ್ದಾರೆ. ರಚನೆಗಳು ಮೇಧಾವಿಗಳದ್ದು, ನಾದ ಮಾತ್ರ ಬಡಕಲು. ಏಳು ಅಂಕ. ಅದೇ ಮೆಟಾಲಿಕಾ 2008ರಲ್ಲಿ ‘ಡೆತ್ ಮ್ಯಾಗ್ನೆಟಿಕ್’ ತಂದಾಗ ನಿರ್ಮಾಪಕ ನಮ್ಮ ರಿಕ್ ರೂಬಿನ್. ಸದ್ದನ್ನು ಎಷ್ಟು ಒತ್ತಿ ತುಂಬಿದ್ದರೆಂದರೆ, ಗಿಟಾರ್ ಹೀರೋ ವಿಡಿಯೋ ಗೇಮಿನಲ್ಲಿ ಬಂದ ಅದೇ ಹಾಡುಗಳು ಆಲ್ಬಮ್ಮಿಗಿಂತ ಚೆನ್ನಾಗಿ ಉಸಿರಾಡುತ್ತಿದ್ದವು. ಪ್ರತಿಧ್ವನಿ ಒರೆಸಿ ಸ್ಲೇಯರ್‌ಗೆ ಜೀವ ಕೊಟ್ಟವನ ಹೆಸರು ಇದರ ಮೇಲೂ ಇರುವುದು ನನಗೆ ಇವತ್ತಿಗೂ ಸಂಕಟ.

ಫ್ಲಾರಿಡಾದ ಡೆತ್ ಮೆಟಲ್‌ನಲ್ಲಿ ಹೇರಳವಾಗಿದ್ದದ್ದು ಹೆಣ ಮತ್ತು ರಕ್ತದ ವರ್ಣನೆ. ಡೆತ್ ತಂಡದ ಚಕ್ ಶುಲ್ಡಿನರ್ 1987ರ ‘ಸ್ಕ್ರೀಮ್ ಬ್ಲಡಿ ಗೋರ್’ನಲ್ಲಿ ಅದನ್ನೇ ಮಾಡಿದವನು. 1991ರ ‘ಹ್ಯೂಮನ್’ನಲ್ಲಿ ಅದು ಇರಲಿಲ್ಲ; ಅಷ್ಟರಲ್ಲಿ ಅದನ್ನು ತಾನೇ ಬಿಟ್ಟಿದ್ದ. ಸಿನಿಕ್ ತಂಡದ ಪಾಲ್ ಮಸ್ವಿಡಾಲ್, ಶಾನ್ ರೈನರ್ಟ್‌ರನ್ನು ಕರೆತಂದು, ಮನುಷ್ಯರ ನಂಬಿಕೆದ್ರೋಹವನ್ನೂ ಸಂಕಟವನ್ನೂ ಹಾಡಿದ. ಗಂಟಲು ಅದೇ, ಒಳಗಿನ ಮಾತು ಬೇರೆ. ಒಂಬತ್ತೂವರೆ ಕೊಡುತ್ತೇನೆ. ಮೂವತ್ತನಾಲ್ಕನೇ ವಯಸ್ಸಿಗೆ, 2001ರಲ್ಲಿ, ಮೆದುಳಿನ ಗಡ್ಡೆಯಿಂದ ಅವನು ತೀರಿಕೊಂಡ.

ನಾರ್ವೆಯ ಬ್ಲ್ಯಾಕ್ ಮೆಟಲ್ ನನ್ನ ಮಾತಿಗೆ ಒದಗಿಬಂದ ಅತ್ಯುತ್ತಮ ಸಾಕ್ಷಿ. ಅತ್ಯಂತ ಕಷ್ಟದ್ದೂ ಅದೇ. ಡಾರ್ಕ್‌ಥ್ರೋನ್ ತಂಡದ 1991ರ ಮೊದಲ ಆಲ್ಬಮ್ ಸ್ಟಾಕ್‌ಹೋಮಿನಲ್ಲಿ ಮುದ್ರಿಸಿದ ಒಪ್ಪವಾದ ಡೆತ್ ಮೆಟಲ್. ಅಂದರೆ ನುಡಿಸಲು ಬರದವರೇನಲ್ಲ. ಮರುವರ್ಷವೇ ಆ ಒಪ್ಪವನ್ನು ಕಳಚಿಟ್ಟರು. 1994ರ ‘ಟ್ರಾನ್ಸಿಲ್ವೇನಿಯನ್ ಹಂಗರ್’ನ ವಾದ್ಯಗಳನ್ನೆಲ್ಲ ಫೆನ್ರಿಜ್ ಒಬ್ಬನೇ ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ ಮುದ್ರಿಸಿದ. ಬಾಸ್ ಇದ್ದೂ ಇಲ್ಲದಂತೆ, ಡ್ರಮ್ಸ್ ಆರಂಭದಿಂದ ಕೊನೆತನಕ ಬಹುತೇಕ ಒಂದೇ ನಡೆ, ಗಿಟಾರ್ ಮಾತ್ರ ತಗಡಿನ ಚಾವಣಿಯ ಮೇಲಿನ ಮಳೆಯ ಹಾಗೆ ನಿಲ್ಲದ ಮರಮರ. ಮೊದಲ ಐದು ನಿಮಿಷ ಬೇಸರವಾಗುತ್ತದೆ. ಆಮೇಲೆ ಆ ಮಳೆಯೊಳಗೆ ಒಂದು ಸಣ್ಣ ರಾಗ ತಿರುಗುತ್ತಿರುವುದು ಕೇಳಿಸುತ್ತದೆ, ಮತ್ತೆ ಬಿಡುವುದಿಲ್ಲ. ಇದನ್ನು ಅನುಕರಿಸಿ ಬಂದ ನೂರಾರು ಆಲ್ಬಮ್ಮುಗಳಲ್ಲಿ ಮಳೆಯಿದೆ, ಒಳಗೆ ರಾಗವಿಲ್ಲ. ಕೊರತೆಯನ್ನು ವೇಷವಾಗಿ ತೊಟ್ಟುಕೊಂಡರೆ ಆಗುವುದು ಇಷ್ಟೇ.

ಆದರೆ ಅದೇ ಆಲ್ಬಮ್ಮಿನ ಮೊದಲ ಮುದ್ರಣದ ಹಿಂಬದಿಯಲ್ಲಿ, ಇದು ನಾರ್ವೆಯ ಆರ್ಯ ಬ್ಲ್ಯಾಕ್ ಮೆಟಲ್ ಎಂಬ ಅರ್ಥದ ಮಾತಿತ್ತು. ನಾಲ್ಕು ಹಾಡುಗಳ ಸಾಹಿತ್ಯ ವಾರ್ಗ್ ವಿಕರ್ನೆಸ್‌ನದು. 1993ರ ಆಗಸ್ಟಿನಲ್ಲಿ ಮೇಹೆಮ್ ತಂಡದ ಗಿಟಾರ್ ವಾದಕ ಯೂರಾನಿಮಸ್‌ನನ್ನು ಇರಿದು ಕೊಂದವನು ಇವನು. ಅವರ ಬಳಗದ ಸುತ್ತಮುತ್ತ ಚರ್ಚುಗಳು ಉರಿದಿದ್ದವು; 1992ರ ಜೂನಿನಲ್ಲಿ ಬರ್ಗೆನ್ ಬಳಿಯ ಫಾಂಟೊಫ್ಟ್‌ನ ಹಳೆಯ ಮರದ ಚರ್ಚು ಬೂದಿಯಾಗಿತ್ತು. ಕೊಲೆಯಾದ ಮರುವರ್ಷ ಹೊರಬಂದ ಮೇಹೆಮ್‌ನ ‘ದೆ ಮಿಸ್ಟೆರೀಸ್ ದೋಮ್ ಸತಾನಾಸ್’ ಆಲ್ಬಮ್ಮಿನಲ್ಲಿ ಗಿಟಾರ್ ಸತ್ತವನದು, ಬಾಸ್ ಕೊಂದವನದು. ಸದ್ದಾಗಿ ಅದು ಅಸಾಧಾರಣ. ಎಷ್ಟು ಸಲ ಅಂಕ ಹಾಕಲು ಕುಳಿತರೂ ನನಗೆ ಆಗಿಲ್ಲ. ಕಲೆ ಬೇರೆ, ಕಲಾವಿದ ಬೇರೆ ಎನ್ನುವ ಮಾತು ಇಲ್ಲಿ ಸಾಲುವುದಿಲ್ಲ, ಏಕೆಂದರೆ ಆ ಜನ ಎರಡನ್ನೂ ಬೇರೆ ಇಡಲು ಒಪ್ಪದೆ ಬೆಂಕಿ ಹಚ್ಚಿದವರು. ಡಾರ್ಕ್‌ಥ್ರೋನ್ ಆಲ್ಬಮ್ಮಿನ ಮುಂದಿನ ಮುದ್ರಣಗಳಲ್ಲಿ ಆ ‘ಆರ್ಯ’ ಮಾತನ್ನು ತೆಗೆದರು. ಸಂಗೀತವನ್ನು ಕೇಳುತ್ತೇನೆ, ಯಾರಿಗಾದರೂ ಕೊಡುವಾಗ ಈ ಕಥೆಯನ್ನೂ ಜೊತೆಗೆ ಕೊಡುತ್ತೇನೆ. ಔಶ್ವಿತ್ಸ್‌ನ ವೈದ್ಯ ಮೆಂಗಲೆಯ ಕ್ರೌರ್ಯವನ್ನು ಖಂಡನೆಯ ಒಂದು ಮಾತಿಲ್ಲದೆ ಬಣ್ಣಿಸುವ ಸ್ಲೇಯರ್‌ನ ಹಾಡಿಗೂ ನಾನು ಇದನ್ನೇ ಮಾಡುವುದು.

ಬ್ರೆಜಿಲ್‌ನ ಬೆಲೊ ಹೊರಿಜಾಂಟಿಯ ಸೆಪುಲ್ತುರಾ ತಂಡದಲ್ಲಿ ಮ್ಯಾಕ್ಸ್ ಕವಲೆರಾನ ಗಿಟಾರಿಗೆ ನಾಲ್ಕೇ ತಂತಿ ಇದ್ದವು. ತೆಳುವಾದ ಎರಡನ್ನು ಅವನು ಹಾಕುತ್ತಲೇ ಇರಲಿಲ್ಲ. ಮೇಲಿನ ಸ್ವರಗಳ ಆಸೆ ಬಿಟ್ಟ ಕೈ ಕೆಳಗಿನ ನಾಲ್ಕರ ಮೇಲೆ ಗಿಟಾರನ್ನು ಚರ್ಮವಾದ್ಯದ ಹಾಗೆ ಬಾರಿಸತೊಡಗಿತು. 1996ರ ‘ರೂಟ್ಸ್’ನಲ್ಲಿ ಆ ಕೈಗೆ ತಕ್ಕ ಜೊತೆ ಸಿಕ್ಕಿತು: ಕಾರ್ಲಿನ್ಯೋಸ್ ಬ್ರೌನ್‌ನ ತಾಳವಾದ್ಯ, ಷವಾಂತೆ ಬುಡಕಟ್ಟಿನವರ ಊರಿಗೇ ಹೋಗಿ ಮುದ್ರಿಸಿದ ಹಾಡು. ಇಂಗ್ಲಿಷಿನಲ್ಲಿ ಹಾಡುತ್ತಿದ್ದ ತಂಡ ‘ರತಮಹತ್ತ’ ಹಾಡಿನಲ್ಲಿ ತನ್ನ ಪೋರ್ಚುಗೀಸಿಗೆ ಮರಳಿತು. ಆಲ್ಬಮ್ ಉದ್ದವಾಯಿತು, ನಡುವೆ ಸೋಲುತ್ತದೆ, ಎಂಟು ಅಂಕ. ಆದರೂ ಹೊಸಬರಿಗೆ ಒಂದೇ ಒಂದು ಆಲ್ಬಮ್ ಕೊಡು ಅಂದರೆ ನಾನು ಕೊಡುವುದು ಇದನ್ನು.

ಸ್ವೀಡನ್ನಿನ ಮೆಷುಗ್ಗಾ ಬಗ್ಗೆ ಒಂದೇ ಮಾತು: ನಾಲ್ಕರ ಲೆಕ್ಕ ಮೇಲೆ ಸಿಂಬಲ್‌ನಲ್ಲಿ ಓಡುತ್ತಿರಲು ಕೆಳಗೆ ಬೇರೆ ಅಳತೆಯ ರಿಫ್ ಸುತ್ತಿ ಸುತ್ತಿ ಕೊನೆಗೆ ಸಮಕ್ಕೆ ಬಂದು ಬೀಳುವುದನ್ನು, ಮೃದಂಗದ ಮುಕ್ತಾಯ ಕೇಳಿ ಬೆಳೆದವರು ಬೇಗ ಹಿಡಿಯುತ್ತಾರೆ. 2008ರ ‘ಆಬ್‌ಝೆನ್’ ಕೇಳಿ, ಕೈಯಲ್ಲಿ ತಾಳ ಹಾಕಿಕೊಂಡು.

ನನ್ನ ಅಳತೆಗೋಲಿಗೆ ಸಿಗದವೂ ಇವೆ, ಮುಚ್ಚಿಡಬಾರದು. ಐರನ್ ಮೇಡನ್‌ನ 1982ರ ‘ದ ನಂಬರ್ ಆಫ್ ದ ಬೀಸ್ಟ್’ನಲ್ಲಿ ಯಾವ ಕೊರತೆ? ಗಂಟಲು, ಜೋಡಿ ಗಿಟಾರ್, ಕುದುರೆಯೋಟದ ಬಾಸ್, ಎಲ್ಲ ತುಂಬಿ ತುಳುಕುತ್ತದೆ. ಓಪೆತ್‌ನ ‘ಬ್ಲ್ಯಾಕ್‌ವಾಟರ್ ಪಾರ್ಕ್’ ಕೂಡ ಸಿರಿವಂತರ ಮನೆ. ಎರಡಕ್ಕೂ ಒಂಬತ್ತು ಕೊಡುತ್ತೇನೆ, ನನ್ನ ವಾದ ಅಲ್ಲಿಗೆ ನಿಲ್ಲುತ್ತದೆ.

2007ರ ಮಾರ್ಚ್ 17ರಂದು ಅದೇ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು. ಮುಂದೆ ಮೆಗಾಡೆತ್, ಮೆಟಾಲಿಕಾ ಬಂದದ್ದೂ ಅದೇ ಮೈದಾನಕ್ಕೆ. ಆದರೆ ಊರಿಗೆ ತನ್ನದೇ ತಂಡಗಳು ಅದಕ್ಕೂ ಮೊದಲೇ ಇದ್ದವು. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿದ ಮೊದಲ ಭಾರತೀಯ ತಂಡವಾಯಿತು. ಎಂಬತ್ತರ ದಶಕದ ಇಂಪಾದ ಜೋಡಿ ಗಿಟಾರಿನ ಮೇಲೆ ಗೀರುವ ಗಂಟಲು, ಇದು ಅವರ ಗುರುತು. 2016ರ ‘ಬರ್ನ್ ಅಪ್ ದ ನೈಟ್’ ಪ್ರೀತಿಯಿಂದ ಕಟ್ಟಿದ ಆಲ್ಬಮ್, ಏಳೂವರೆ. ಉಳಿದ ಎರಡೂವರೆ ಎಲ್ಲಿ ಹೋಯಿತೆಂದು ಕೇಳಿದರೆ, ಅದು ಅವರೊಬ್ಬರ ಲೆಕ್ಕವಲ್ಲ. ಡಾರ್ಕ್‌ಥ್ರೋನ್ ‘ಟ್ರಾನ್ಸಿಲ್ವೇನಿಯನ್ ಹಂಗರ್’ನಲ್ಲಿ ಬಹುಪಾಲು ನಾರ್ವೇಜಿಯನ್‌ನಲ್ಲಿ ಕಿರುಚಿತು. ನಮ್ಮ ಊರಿನ ತಂಡಗಳು ಬಹುತೇಕ ಇಂಗ್ಲಿಷಿನಲ್ಲೇ ಹಾಡುತ್ತವೆ. ಕನ್ನಡ ಇಂಪಿನ ಭಾಷೆ, ಈ ಒರಟಿಗೆ ಒಗ್ಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಯಲಾಟದ ನಡುರಾತ್ರಿಯಲ್ಲಿ ಚೆಂಡೆಯ ಜೊತೆ ಬಣ್ಣದ ವೇಷ ಅಬ್ಬರಿಸುತ್ತ ಬರುವುದನ್ನು ಕಂಡವರು ಯಾರೂ ಹಾಗೆನ್ನಲಾರರು.

ತೊಡಕು ಇರುವುದು ಬೇರೆ ಕಡೆ. ರಿಫ್ ಥಟ್ಟನೆ ಕಡಿದು ನಿಲ್ಲುತ್ತದೆ, ಇಂಗ್ಲಿಷ್ ಪದವೂ ವ್ಯಂಜನದಲ್ಲಿ ಕಡಿದು ನಿಲ್ಲುತ್ತದೆ. ನಮ್ಮ ಪದಗಳು ಸ್ವರದಲ್ಲಿ ತೆರೆದುಕೊಂಡು ಮುಗಿಯುತ್ತವೆ: ಕಲ್ಲು, ಕಣ್ಣು, ಇರುಳು. ಗಿಟಾರ್ ನಿಂತ ಮೇಲೂ ಆ ಕೊನೆಯ ಉಕಾರ ಉಳಿದುಬಿಡುತ್ತದೆ. ಹಳಗನ್ನಡದಲ್ಲಿ ಆ ಉಕಾರ ಇರಲಿಲ್ಲ. ಕಲ್, ಕಣ್, ಇರುಳ್, ಕತ್ತಿಗೆ ಬಾಳ್. ಸ್ಯಾಬತ್‌ನ ಆ ಮೂರು ಸ್ವರಗಳ ಮೇಲೆ ಇವನ್ನು ಒಂದೊಂದಾಗಿ ಇಟ್ಟು ಗಟ್ಟಿಯಾಗಿ ಹೇಳಿ ನೋಡಿದ್ದೇನೆ. ಸರಿಯಾಗಿ ಕೂರುತ್ತವೆ.