ಹಂಪಿಯ ಬಿಸಿಲು, ಪ್ರವಾಸಿಯ ಮೆಟ್ಟು

2025ರ ಬೇಸಿಗೆಯಲ್ಲಿ, ಏಪ್ರಿಲ್ ಮತ್ತು ಮೇ ತಿಂಗಳಿಗೆಂದು, ರಾಜ್ಯ ಸರ್ಕಾರ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಕಚೇರಿ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸಿತು. ಫ್ಯಾನಿನ ಕೆಳಗೆ ಕೂತು ಕಡತ ನೋಡುವವರಿಗೇ ಈ ರಿಯಾಯಿತಿ. ಹಂಪಿಯಿರುವ ವಿಜಯನಗರ ಜಿಲ್ಲೆಯೂ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿರುವ ಬಾಗಲಕೋಟೆಯೂ ಆ ಪಟ್ಟಿಯಲ್ಲಿದ್ದವು. ಶಾಲೆಗೆ ರಜೆ ಬರುವುದೂ ಇದೇ ದಿನಗಳಲ್ಲಿ. ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದ ಕುಟುಂಬ ಸ್ನಾನ ಮುಗಿಸಿ, ಇಡ್ಲಿ ತಿಂದು, ಆಟೊದವನ ಜೊತೆ ಚೌಕಾಸಿ ಮಾಡಿ ಹೇಮಕೂಟದ ಬಂಡೆ ಏರುವ ಹೊತ್ತಿಗೆ ಗಂಟೆ ಹನ್ನೊಂದಾಗಿರುತ್ತದೆ. ಅಪ್ಪನ ಮೈಮೇಲೆ ಬಿಗಿ ಜೀನ್ಸ್, ಕಾಲಲ್ಲಿ ದಪ್ಪ ಅಟ್ಟೆಯ ಸ್ಪೋರ್ಟ್ಸ್ ಶೂ. ಅಮ್ಮ ಲೆಗ್ಗಿಂಗ್ಸ್ ತೊಟ್ಟಿದ್ದಾರೆ. ಮಗಳ ಕಾಲಲ್ಲಿ ಫೋಟೊಕ್ಕೆಂದೇ ಕೊಂಡ ಹೊಸ ಚಪ್ಪಲಿ; ವಿರೂಪಾಕ್ಷನ ಗೋಪುರ ತಲುಪುವಷ್ಟರಲ್ಲಿ ಅದು ಹಿಮ್ಮಡಿಯನ್ನು ಕಚ್ಚಿರುತ್ತದೆ.

ಈ ಕುಟುಂಬ ಬೇಜವಾಬ್ದಾರಿಯಿಂದ ಹೊರಟದ್ದಲ್ಲ. ಬೇಸಿಗೆ ಪ್ರವಾಸಕ್ಕೆ ಏನು ತೊಡಬೇಕು ಎಂಬ ಸಲಹೆ ಈಗ ಬೇಕಾದಷ್ಟು ಸಿಗುತ್ತದೆ: ನಡೆಯಲು ಒಳ್ಳೆಯ ಶೂ, ತಿಳಿ ಬಣ್ಣದ ಹತ್ತಿ ಬಟ್ಟೆ, ಒಂದು ಟೋಪಿ. ಪಟ್ಟಿಯಲ್ಲಿ ಸುಳ್ಳಿಲ್ಲ. ಆದರೆ ಅದು ಹುಟ್ಟಿದ್ದು ಬೆಳಿಗ್ಗೆ ಕಟ್ಟಿದ ಲೇಸನ್ನು ರಾತ್ರಿ ಮಲಗುವಾಗ ಬಿಚ್ಚುವ ಊರುಗಳಲ್ಲಿ. ಹಂಪಿಯ ಪರೀಕ್ಷೆಯೇ ಬೇರೆ. ಇಲ್ಲಿ ಕಾಲು ಒಂದು ಗಳಿಗೆ ಬಂಡೆಯ ಮೇಲಿದ್ದರೆ ಇನ್ನೊಂದು ಗಳಿಗೆ ಹೊಸ್ತಿಲ ಮುಂದಿರುತ್ತದೆ. ಎರಡಕ್ಕೂ ಒಪ್ಪದ ಮೆಟ್ಟು ಎಷ್ಟೇ ಬೆಲೆಯದಾದರೂ ಕೆಲಸಕ್ಕೆ ಬಾರದು.

ದಾರಿಯನ್ನೇ ನೋಡಿ. ಹೇಮಕೂಟ ಇಳಿದರೆ ವಿರೂಪಾಕ್ಷ ದೇವಸ್ಥಾನ. ನಿತ್ಯ ಪೂಜೆ ನಡೆಯುವ ಗುಡಿ, ಮೆಟ್ಟು ಹೊರಗೆ. ಬಜಾರು ದಾಟಿ ಹೊಳೆ ಬದಿಯ ಕಲ್ಲುದಾರಿ ಹಿಡಿದರೆ ಕೋದಂಡರಾಮನ ಗುಡಿ, ಅಲ್ಲೂ ಬಿಡಬೇಕು. ಮೇಲೆ ಯಂತ್ರೋದ್ಧಾರಕ ಆಂಜನೇಯ, ಮತ್ತೆ ಬಿಡಬೇಕು. ಆಮೇಲೆ ತುಲಾಭಾರದ ಕಂಬ ದಾಟಿ ವಿಠ್ಠಲ ದೇವಸ್ಥಾನದವರೆಗೆ ಕಲ್ಲು, ಹುಡಿ, ಮುಳ್ಳು. ಲೇಸಿನ ಶೂ ತೊಟ್ಟವರು ಮೊದಲ ಗುಡಿಯಲ್ಲಿ ಭಕ್ತಿಯಿಂದ ಬಿಚ್ಚುತ್ತಾರೆ, ಎರಡನೆಯದರಲ್ಲಿ ಗೊಣಗುತ್ತ ಬಿಚ್ಚುತ್ತಾರೆ, ಮೂರನೆಯದರ ಹೊರಗೆ “ನೀವು ಹೋಗಿ ಬನ್ನಿ, ನಾನಿಲ್ಲೇ ಇರ್ತೀನಿ” ಎಂದು ಕಟ್ಟೆಯ ಮೇಲೆ ಕೂತುಬಿಡುತ್ತಾರೆ. ನಾಲ್ಕು ಸಾವಿರ ರೂಪಾಯಿಯ ಶೂ ಒಂದು ಗುಡಿಯನ್ನು ನೋಡಗೊಡಲಿಲ್ಲ ಎಂದಾದರೆ ಅದನ್ನು ಒಳ್ಳೆಯ ಶೂ ಎನ್ನುವುದು ಕಷ್ಟ. ಇದರ ಜೊತೆಗೆ ಬೆವರಿದ ಹತ್ತಿ ಕಾಲುಚೀಲದ ಕಾಟ. ಒದ್ದೆ ಹತ್ತಿ ಬೇಗ ಒಣಗುವುದಿಲ್ಲ. ತೇವದ ಚರ್ಮ ಉಜ್ಜಿದಲ್ಲಿ ಬೊಬ್ಬೆ ಏಳುತ್ತದೆ. ಶೂ ತೊಡಲೇಬೇಕೆಂಬವರು ಬೇಗ ಒಣಗುವ ತೆಳು ಕಾಲುಚೀಲ ಹಾಕಿ, ಇನ್ನೊಂದು ಜೊತೆಯನ್ನು ಚೀಲದಲ್ಲಿಟ್ಟುಕೊಳ್ಳುವುದು ವಾಸಿ.

ಹಾಗೆಂದು ಹವಾಯಿ ಚಪ್ಪಲಿಗೂ ಇಲ್ಲಿ ಪಾಸ್ ಮಾರ್ಕು ಸಿಗುವುದಿಲ್ಲ. ಕಳಚುವುದರಲ್ಲಿ ಅದನ್ನು ಮೀರಿಸುವುದು ಯಾವುದೂ ಇಲ್ಲ, ನಿಜ. ಆದರೆ ಶತಮಾನಗಳ ಕಾಲ ಜನ ತುಳಿದು ನುಣುಪಾದ ಇಳಿಜಾರು ಬಂಡೆಯ ಮೇಲೆ ಅದರ ಸವೆದ ಅಟ್ಟೆ ಜಾರುತ್ತದೆ. ಈ ಸೀಮೆಯ ತುಂಬ ಹಬ್ಬಿರುವ ಬಳ್ಳಾರಿ ಜಾಲಿಯ ಮುಳ್ಳು ಅದನ್ನು ಸಲೀಸಾಗಿ ತೂರಿ ಅಂಗಾಲಿಗೆ ನಾಟುತ್ತದೆ. ಕ್ರಾಕ್ಸ್ ಮಾದರಿಯ ರಬ್ಬರು ಮೆಟ್ಟುಗಳು ಮುಳ್ಳನ್ನೇನೋ ತಡೆದಾವು; ಮತಂಗ ಬೆಟ್ಟ ಇಳಿಯುವಾಗ ಬೆವರಿದ ಪಾದ ಒಳಗೇ ಮುಂದಕ್ಕೆ ಜಾರಿ ಬೆರಳುಗಳು ತುದಿಗೆ ಗುದ್ದುತ್ತವೆ.

ಉಳಿದದ್ದು ಹಿಮ್ಮಡಿಗೆ ಪಟ್ಟಿಯಿರುವ, ಅಂಟುಪಟ್ಟಿಯಿಂದ ಬಿಗಿಯುವ, ಅಡಿಯಲ್ಲಿ ಗೀರುಗಳಿರುವ ಸ್ಯಾಂಡಲ್ಲು. ನಮ್ಮ ಅಂಗಡಿಗಳಲ್ಲಿ ಫ್ಲೋಟರ್ಸ್ ಎಂದು ಕೇಳಿದರೆ ಕೊಡುವಂಥದ್ದು. ನೋಡಲು ಚೆಂದವೇನಲ್ಲ, ಕಾಲೇಜು ಹುಡುಗಿಯರು ಮುಖ ಸಿಂಡರಿಸುತ್ತಾರೆ. ಆದರೆ ಬಂಡೆ, ಹುಡಿ, ಮುಳ್ಳು, ಹೊಸ್ತಿಲು ನಾಲ್ಕಕ್ಕೂ ಜವಾಬು ಕೊಡುವುದು ಅದೊಂದೇ. ಅಚ್ಚರಿಯೆಂದರೆ ಇದು ಹೊಸ ಶೋಧವೂ ಅಲ್ಲ. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಇದೇ ಊರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಜನರ ಕಾಲನ್ನೂ ಗಮನಿಸಿ ಬರೆದಿಟ್ಟಿದ್ದಾನೆ: ಬಹುಮಂದಿ ಬರಿಗಾಲಲ್ಲೇ ತಿರುಗುತ್ತಾರೆ, ಮೆಟ್ಟುವವರಲ್ಲಿ ಕೆಲವರದು ಚೂಪು ಮೂತಿಯ ಜೋಡು, ಕೆಲವರದು ಬರೀ ಅಟ್ಟೆಗೆ ಪಟ್ಟಿ ಕಟ್ಟಿದ್ದು, ಹಳೆಯ ರೋಮನ್ನರ ಮೆಟ್ಟಿನಂಥದ್ದು. ಅಂದರೆ ಆ ಬಂಡೆಗಳ ಮೇಲೆ ಪಟ್ಟಿ ಬಿಗಿದ ಅಟ್ಟೆಗೆ ಐನೂರು ವರ್ಷದ ಸೇವೆ ಸಂದಿದೆ.

ಕೊಲ್ಹಾಪುರಿಯ ಮಾತು ಬಾರದೆ ಈ ವಿಷಯ ಮುಗಿಯದು. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರ ತವರೆಂದು ದಾಖಲಾದವು. ಅಥಣಿ, ನಿಪ್ಪಾಣಿ ಸೀಮೆಯ ಕುಶಲಕರ್ಮಿಗಳ ಕೈಯಲ್ಲಿ ಅದು ಇಂದಿಗೂ ತಯಾರಾಗುತ್ತದೆ. 2025ರ ಜೂನ್‌ನಲ್ಲಿ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಅದರಂಥದೇ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ಮೆರೆಸಿ, ಗದ್ದಲವಾದ ಮೇಲೆ ಒಪ್ಪಿಕೊಂಡದ್ದು ಎಲ್ಲರಿಗೂ ನೆನಪಿದೆ. ಪ್ರವಾಸದ ಮಟ್ಟಿಗೆ ಕೊಲ್ಹಾಪುರಿಯ ಗುಣದೋಷ ಎರಡೂ ಸ್ಪಷ್ಟ. ಮರದ ತೊಗಟೆ, ಕಾಯಿಗಳಿಂದ ಹದಮಾಡಿದ ತೊಗಲು ಬೆವರನ್ನು ಹೀರುತ್ತದೆ, ಪಾದಕ್ಕೆ ಗಾಳಿಯಾಡುತ್ತದೆ, ಗುಡಿಯ ಮುಂದೆ ಒಂದೇ ಕೊಡವಿಗೆ ಕಳಚುತ್ತದೆ. ಬಾದಾಮಿ ಪೇಟೆಯಲ್ಲಿ, ಪಟ್ಟದಕಲ್ಲಿನ ಹುಲ್ಲುಹಾಸಿನ ನಡುವಿನ ದಾರಿಯಲ್ಲಿ ಅದಕ್ಕಿಂತ ಹಿತವಾದದ್ದಿಲ್ಲ. ಹೇಮಕೂಟದಲ್ಲಿ ಮಾತ್ರ ಅದರ ನುಣುಪು ತೊಗಲಟ್ಟೆಯನ್ನು ನಂಬುವಂತಿಲ್ಲ. ಮೇಲಾಗಿ ಹೊಸದು ಕಚ್ಚುತ್ತದೆ. ಎಣ್ಣೆ ಸವರಿ, ಮನೆಯೊಳಗೆ ಕೆಲವು ವಾರ ತುಳಿದು ಮೆತ್ತಗಾಗಿಸಿಕೊಂಡವರಿಗಷ್ಟೇ ಅದು ಒಲಿಯುವುದು.

ಈ ಮಾತು ಎಲ್ಲ ಮೆಟ್ಟುಗಳಿಗೂ ಸಲ್ಲುತ್ತದೆ. ಹೊರಡುವ ಹಿಂದಿನ ದಿನ ಅಂಗಡಿಗೆ ಓಡುವುದು ನಮ್ಮ ಪ್ರವಾಸಿ ಸಂಪ್ರದಾಯದ ಅತಿ ಕೆಟ್ಟ ಭಾಗ. ಕಾಲು ಸಂಜೆಗೆ ಊದಿಕೊಳ್ಳುತ್ತದೆ, ಬಿಸಿಲಲ್ಲಿ ನಡೆದರೆ ಇನ್ನಷ್ಟು. ಬೆಳಿಗ್ಗೆ ತಣ್ಣನೆ ಅಂಗಡಿಯಲ್ಲಿ ‘ಸರಿಯಾಗಿ ಕೂತ’ ಅಳತೆ ಮಧ್ಯಾಹ್ನ ಮೂರಕ್ಕೆ ಚಿಕ್ಕದಾಗುತ್ತದೆ. ಕೊಳ್ಳುವುದು ಸಂಜೆಯಾಗಿರಲಿ; ಉದ್ದ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಉಳಿಯಲಿ.

ಇಷ್ಟಾಗಿಯೂ, ಬರಿಗಾಲಿನ ಪಾಳಿ ತಪ್ಪಿದ್ದಲ್ಲ. ತುಂಗಭದ್ರೆಯ ಆಚೆ ಅಂಜನಾದ್ರಿಗೆ ಐನೂರಕ್ಕೂ ಹೆಚ್ಚು ಮೆಟ್ಟಿಲು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಆರುನೂರಕ್ಕೂ ಮಿಕ್ಕು, ಎಲ್ಲವೂ ಬಂಡೆಯಲ್ಲೇ ಕಡಿದವು. ಕೆಳಗೇ ಮೆಟ್ಟು ಬಿಟ್ಟು ಏರಬೇಕು. ಅಲ್ಲಿ ಬುಡದ ಅಂಗಡಿಗಳಲ್ಲಿ ಕಾಲುಚೀಲ ಮಾರುತ್ತಾರೆ, ಅದನ್ನು ಹಾಕಿಕೊಂಡು ಏರಲು ಅಡ್ಡಿಯಿಲ್ಲ. ಬೇಸಿಗೆ ಪ್ರವಾಸದ ಅತಿ ಜಾಣ ವ್ಯಾಪಾರವೆಂದರೆ ಇದೇ. ಹೀಗಿದ್ದೂ ಯಾತ್ರೆಯ ಪಟ್ಟಿಗಳಲ್ಲಿ ಒಂದು ಜೊತೆ ದಪ್ಪ ಕಾಲುಚೀಲದ ಹೆಸರು ಕಾಣುವುದು ಅಪರೂಪ. ಸ್ಯಾಂಡಲ್ ತೊಟ್ಟವರೂ ಅದನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಈ ಕಾರಣಕ್ಕೆ.

ಬಟ್ಟೆಯ ವಿಷಯದಲ್ಲಿ ಹತ್ತಿಯ ಭಜನೆ ತುಸು ಅತಿಯಾಗಿದೆ. ಹತ್ತಿ ನೂಲು ಸಾಮಾನ್ಯ ಹವೆಯಲ್ಲಿ ತನ್ನ ತೂಕದ ಸುಮಾರು ಶೇಕಡಾ 8.5ರಷ್ಟು ತೇವ ಹಿಡಿಯುತ್ತದೆ, ಪಾಲಿಯೆಸ್ಟರ್ ಶೇಕಡಾ 0.4ರಷ್ಟು ಮಾತ್ರ. ಬೆವರು ಮೈ ತಂಪು ಮಾಡುವುದು ಆವಿಯಾದಾಗ. ಹಂಪಿಯ ಒಣಗಾಳಿಯಲ್ಲಿ ಹತ್ತಿ ಹೀರಿದ ಬೆವರು ಅಲ್ಲೇ ಆರುತ್ತ ಮೈಯನ್ನು ತಣಿಸುತ್ತದೆ. ಅಲ್ಲಿ ಹತ್ತಿಗೆ ಪೂರ್ಣಾಂಕ. ಅದೇ ಅಂಗಿ ಮುರ್ಡೇಶ್ವರದಲ್ಲಿ, ಮಲ್ಪೆಯಲ್ಲಿ, ಗಾಳಿಯೇ ಒದ್ದೆಯಾಗಿರುವ ಕಡೆ, ಹಿಂಡಿದಂತೆ ತೊಯ್ದು ಬೆನ್ನಿಗಂಟಿ ಸಂಜೆಯವರೆಗೂ ಒಣಗುವುದಿಲ್ಲ. ಕರಾವಳಿಗೆ ತೆಳು, ಬಿಡಿ ನೇಯ್ಗೆಯದೋ ಬೇಗ ಒಣಗುವ ಮಿಶ್ರ ನೂಲಿನದೋ ವಾಸಿ. ಇನ್ನು ಜೀನ್ಸ್. ಅದೂ ಹತ್ತಿಯೇ, ಸೂರ್ಯನ ನೇರಳಾತೀತ ಕಿರಣವನ್ನು ತಡೆಯುವುದರಲ್ಲಿ ತೆಳು ಬಿಳಿ ಟಿ-ಶರ್ಟಿಗಿಂತ ಎಷ್ಟೋ ಮೇಲು. ಆದರೆ ಬಿಗಿಯಾಗಿ, ದಪ್ಪವಾಗಿ, ಮಂಡಿಯಲ್ಲಿ ಹಿಡಿದು, ತೊಡೆಸಂದಿಯಲ್ಲಿ ಉಜ್ಜಿ ಮಾಡುವ ಗಾಯದ ಮುಂದೆ ಆ ಉಪಕಾರ ಸಣ್ಣದು. ತೊಡೆ ಉಜ್ಜುವುದನ್ನು ಪ್ರವಾಸ ಬರಹಗಳು ಸಂಕೋಚದಿಂದ ಬಿಟ್ಟುಬಿಡುತ್ತವೆ. ಮೊದಲ ದಿನವೇ ಪ್ರವಾಸ ಕೆಡಿಸುವುದರಲ್ಲಿ ಅದರ ಪಾಲು ಚಪ್ಪಲಿಗಿಂತ ಕಡಿಮೆಯಿಲ್ಲ. ಸಡಿಲ ಸಲ್ವಾರ್, ಪಾಯಿಜಾಮ, ಒಳಗೆ ತುಸು ಉದ್ದನೆಯ ಹತ್ತಿ ಚಡ್ಡಿ: ಔಷಧ ಇಷ್ಟೇ.

ಬಣ್ಣದ ಮಾತು ಇನ್ನೂ ಸ್ವಾರಸ್ಯದ್ದು. ಬಿಸಿಲಿಗೆ ಬಿಳಿ, ಕಪ್ಪು ಬೇಡವೇ ಬೇಡ ಎನ್ನುವುದು ಎಲ್ಲರ ನಂಬಿಕೆ. ಮರುಭೂಮಿಯ ಬೆದೂಯಿನ್ನರು ಕಪ್ಪು ನಿಲುವಂಗಿ ಏಕೆ ತೊಡುತ್ತಾರೆಂದು ವಿಜ್ಞಾನಿಗಳು ಅಳೆದು ನೋಡಿ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕಪ್ಪು ಬಟ್ಟೆ ಹೆಚ್ಚು ಕಾಯುತ್ತದೆ, ನಿಜ. ಆದರೆ ನಿಲುವಂಗಿ ಸಡಿಲವಾಗಿದ್ದರೆ ಆ ಹೆಚ್ಚಿನ ಶಾಖ ಚರ್ಮ ಮುಟ್ಟುವ ಮೊದಲೇ ಗಾಳಿಗೆ ಹೋಗುತ್ತದೆ, ಮೈಗೆ ತಗಲುವ ಬಿಸಿ ಎರಡರಲ್ಲೂ ಒಂದೇ. ಮೈಗಂಟಿದ ಬಿಳಿ ಟಿ-ಶರ್ಟಿಗಿಂತ ದೊಗಳೆ ಗಾಢ ಬಣ್ಣದ ಜುಬ್ಬ ಏಕೆ ಹಿತವೆಂದು ಇದರಿಂದ ತಿಳಿಯುತ್ತದೆ. ಅಂಗಡಿಯಲ್ಲಿ ಬಣ್ಣಕ್ಕೆ ತಲೆ ಕೆಡಿಸಿಕೊಳ್ಳುವ ಹೊತ್ತಿನಲ್ಲಿ ಒಂದು ಸೈಜು ದೊಡ್ಡದು ಕೇಳುವುದು ಲಾಭ.

ಇತರರ ಮೆಚ್ಚುಗೆಗಾಗಿ ತೊಡುವ ಉಡುಪಿನ ಗೋಳು ಹಂಪಿಗೆ ಹಳೆಯದೇ. ತೆಲುಗು ಕವಿ ಶ್ರೀನಾಥನದೆನ್ನುವ ಚಾಟುಪದ್ಯವೊಂದರಲ್ಲಿ, ಕನ್ನಡ ರಾಜ್ಯಲಕ್ಷ್ಮಿಯನ್ನು ಒಲಿಸಿಕೊಳ್ಳಲು ತಾನು ಕುಲ್ಲಾಯಿ ಟೋಪಿ ಇಟ್ಟೆ, ದೊಡ್ಡ ಕುಪ್ಪಸ ತೊಟ್ಟೆ, ಬೆಳ್ಳುಳ್ಳಿ ತಿಂದೆ, ಇನ್ನೂ ದಯೆ ಬರಲಿಲ್ಲವೇ ಎಂದು ಅಲವತ್ತುಕೊಳ್ಳುತ್ತಾನೆ. ಅವನದು ವಿಜಯನಗರದ ಆಸ್ಥಾನಕ್ಕಾಗಿ ತೊಟ್ಟ ವೇಷ. ಇಂದಿನವರದು ರೀಲ್ಸಿಗಾಗಿ. ಕಲ್ಲಿನ ರಥದ ಮುಂದೆ ನೆಲಮುಟ್ಟುವ ಗೌನು, ಜರಿ ಲೆಹೆಂಗಾ ತೊಟ್ಟು ನಡು ಮಧ್ಯಾಹ್ನ ನಿಲ್ಲುವವರ ಧೈರ್ಯವನ್ನು ಮೆಚ್ಚಬಹುದು. ಹದಿನೈದು ನಿಮಿಷದ ಚಿತ್ರಕ್ಕೆ ಅದನ್ನು ಬೇರೆಯಾಗಿ ಹೊತ್ತು ತಂದವರು ಜಾಣರು; ದಿನವಿಡೀ ಅದರಲ್ಲೇ ತಿರುಗುವವರ ಬಗ್ಗೆ ಹೇಳುವುದೇನಿಲ್ಲ.

ಆ ನೆಲದ ಬಟ್ಟೆಯನ್ನು ಅಲ್ಲೇ ಹತ್ತಿರದಲ್ಲಿ ನೇಯುತ್ತಾರೆ ಎಂಬುದು ಬಹುಪಾಲು ಪ್ರವಾಸಿಗಳ ಗಮನಕ್ಕೇ ಬರುವುದಿಲ್ಲ. ಐಹೊಳೆಯಿಂದ ಇಳಕಲ್ಲು ದೂರವಿಲ್ಲ, ಬಾದಾಮಿಯ ಪಕ್ಕದಲ್ಲೇ ಗುಳೇದಗುಡ್ಡ. ಹತ್ತಿ ಒಡಲಿನ ಇಳಕಲ್ಲು ಸೀರೆ, ಅದರ ಜೊತೆ ಗುಳೇದಗುಡ್ಡದ ಖಣದ ಕುಪ್ಪಸ, ತಲೆಯ ಮೇಲೆ ಸೆರಗು: ಒಣಬಿಸಿಲಿಗೆ ತಕ್ಕ ಉಡುಪು. ಕಚ್ಚೆ ಹಾಕಿ ಉಟ್ಟರೆ ಬಾದಾಮಿ ಮೇಣಬಸದಿಯ ಎತ್ತರದ ಮೆಟ್ಟಿಲಿಗೂ ಕಾಲು ಸಲೀಸಾಗಿ ಏಳುತ್ತದೆ. ಗಂಡಸರ ಧೋತರ, ರುಮಾಲಿಗೂ ಇದೇ ಮಾತು. ಆದರೆ ಉಟ್ಟು ರೂಢಿಯಿಲ್ಲದವರು ಪ್ರವಾಸದ ದಿನವೇ ಕಚ್ಚೆ ಕಲಿಯಲು ಹೊರಡುವುದು ಬೇಡ. ಧರ್ಮಸ್ಥಳ, ಗೋಕರ್ಣಗಳ ಕಡೆಗೂ ಹೋಗುವ ಗಂಡಸರು ಇನ್ನೊಂದನ್ನು ನೆನಪಿಡಬೇಕು: ಅಲ್ಲಿ ದರ್ಶನಕ್ಕೆ ಅಂಗಿ ಕಳಚಬೇಕು. ಬೆವರಿಗಂಟಿದ ಟಿ-ಶರ್ಟನ್ನು ಸಾಲಿನಲ್ಲಿ ನಿಂತು ತಲೆಯ ಮೇಲಿಂದ ಎಳೆಯುವುದಕ್ಕಿಂತ ಗುಂಡಿಯ ಅಂಗಿ ಮೇಲು.

ತಲೆಗೆ ಕ್ಯಾಪು ಸಾಲದು. ಹಣೆಗೆ ನೆರಳು ಕೊಟ್ಟು ಕಿವಿ, ಕತ್ತನ್ನು ಬಿಸಿಲಿಗೆ ಒಡ್ಡುತ್ತದೆ. ಕೊಡೆಯೇ ಸರಿ.

ಹಾಗೆ ನೋಡಿದರೆ, ಈ ಸೀಮೆಯ ಬೇಸಿಗೆಯಲ್ಲಿ ಅತ್ಯುತ್ತಮ ಉಡುಪು ತೊಟ್ಟವರು ಪ್ರವಾಸಿಗಳಲ್ಲ, ಬಯಲಲ್ಲಿ ದುಡಿಯುವ ಹೆಂಗಸರು. ಸೀರೆಯ ಮೇಲೆ ಮನೆಯ ಗಂಡಸರ ಹಳೆಯ ತುಂಬುತೋಳಿನ ಹತ್ತಿ ಅಂಗಿ, ತಲೆಗೆ ಸುತ್ತಿದ ಟವೆಲು. ತೋಳು, ಕತ್ತು ಮುಚ್ಚಿದೆ, ಗಾಳಿಯಾಡುತ್ತದೆ, ಮುಳ್ಳು ಗೀರುವುದಿಲ್ಲ. ಹೊಸ ಖರ್ಚೂ ಇಲ್ಲ. ಪ್ರವಾಸೋದ್ಯಮದ ಭಿತ್ತಿಚಿತ್ರಗಳಿಗೆ ಈ ವೇಷ ಒಗ್ಗಲಿಕ್ಕಿಲ್ಲ. ಆದರೂ ತೋಳಿಲ್ಲದ ಕುರ್ತಾ ತೊಟ್ಟು ಸಂಜೆಗೆ ಭುಜ ಕೆಂಪಾಗಿಸಿಕೊಂಡವರು ಇವರಿಂದ ಕಲಿಯಬೇಕಾದದ್ದು ಬಹಳ.

ಪ್ರವಾಸಿಯ ಕೈಯಲ್ಲಿಲ್ಲದ ಒಂದು ಪಾಲು ಉಳಿಯುತ್ತದೆ. ಮೆಟ್ಟು ಬಿಡುವ ಜಾಗ ಹೊಸ್ತಿಲಿಂದ ದೂರವಿದ್ದರೆ, ನಡುವಿನ ಕಾದ ಚಪ್ಪಡಿಯ ಮೇಲೆ ಮಕ್ಕಳೂ ಮುದುಕರೂ ಓಡಬೇಕಾಗುತ್ತದೆ, ಯಾವ ಒಳ್ಳೆಯ ಸ್ಯಾಂಡಲ್ಲೂ ಅಲ್ಲಿ ನೆರವಾಗದು. ತಿರುಮಲದಲ್ಲಿ ಭಕ್ತರು ನಡೆಯುವ ದಾರಿಗೆ ಬಿಸಿ ತಡೆಯುವ ಬಿಳಿ ಬಣ್ಣ ಬಳಿಯುತ್ತಾರೆ. ಎಷ್ಟೋ ಗುಡಿಗಳು ಬೇಸಿಗೆಯಲ್ಲಿ ನಾರಿನ ಹಾಸು ಹಾಸಿ ನೀರು ಚಿಮುಕಿಸುತ್ತವೆ. ಕಚೇರಿಯ ಗಂಟೆಯನ್ನೇ ಬದಲಿಸಬಲ್ಲ ಸರ್ಕಾರಕ್ಕೆ, ಏಪ್ರಿಲ್ ಮೊದಲ ವಾರದೊಳಗೆ ಚಪ್ಪಲಿ ಸ್ಟ್ಯಾಂಡುಗಳನ್ನು ಹೊಸ್ತಿಲ ಹತ್ತಿರಕ್ಕೆ ಸರಿಸಿ, ಅಲ್ಲಿಂದ ಬಾಗಿಲವರೆಗೆ ಒಂದು ಹಾಸು ಹಾಸಿಸುವುದು ದೊಡ್ಡ ಕೆಲಸವೇನಲ್ಲ.