ಗ್ರಂಥಸಂಪಾದನೆಯೂ ಆಜ್ಞಾಪಂಕ್ತಿಯೂ

ಹಳಗನ್ನಡ ಕೃತಿಗಳ ಪಾಠಪರಿಷ್ಕರಣವನ್ನು ಕುರಿತು ನಮ್ಮ ವಿದ್ವಾಂಸರು ಬಹುಕಾಲದಿಂದ ವಿಚಾರಮಾಡುತ್ತ ಬಂದಿದ್ದಾರೆ. ಯಾವ ಪ್ರತಿಯನ್ನು ಮೂಲವೆಂದು ಹಿಡಿಯಬೇಕು, ಪಾಠಾಂತರಗಳನ್ನು ಎಲ್ಲಿ ಕೊಡಬೇಕು, ಲಿಪಿಕಾರನ ತಪ್ಪನ್ನು ಎಷ್ಟರಮಟ್ಟಿಗೆ ತಿದ್ದಬಹುದು ಎಂಬ ಪ್ರಶ್ನೆಗಳಲ್ಲಿ ಮತಭೇದಗಳಿದ್ದರೂ ಅವು ವಿಚಾರಾರ್ಹವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಹೀಗೆ ಶ್ರಮಪಟ್ಟು ನಿರ್ಣಯಿಸಿದ ಪಾಠವು ಅಚ್ಚಿನ ಪುಟವಾಗುವ ದಾರಿಯಲ್ಲಿ ಏನಾಗುತ್ತದೆಂಬುದನ್ನು ನಾವು ಅಷ್ಟಾಗಿ ವಿಚಾರಿಸಿಲ್ಲ. ಅದು ಅಚ್ಚುಕೂಟದವರ ಕೆಲಸವೆಂದು ಬಿಟ್ಟುಬಿಟ್ಟಿದ್ದೇವೆ. ಓಲೆಯ ಲಿಪಿಕಾರನ ಕೈತಪ್ಪಿಗೆ ಒಂದು ಶಾಸ್ತ್ರವನ್ನೇ ಕಟ್ಟಿಕೊಂಡಿರುವ ನಾವು, ನಮ್ಮ ಕಾಲದ ಲಿಪಿಕಾರನಾದ ಗಣಕಯಂತ್ರದ ವಿಷಯದಲ್ಲಿ ಉದಾಸೀನರಾಗಿರುವುದು ಉಚಿತವಲ್ಲ.

ವಿಷಯವನ್ನು ಒಂದು ನಿದರ್ಶನದ ಮೇಲೆ ನಿಲ್ಲಿಸಿ ಪರೀಕ್ಷಿಸುವುದು ಒಳ್ಳೆಯದು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವು ೧೯೦೫ರಲ್ಲಿ ಹೊರಬಂದಿತು. ಬೆಂಗಳೂರು ಜಿಲ್ಲೆಯ ಶಾಸನಗಳು ಅದರಲ್ಲಿವೆ. ದೊಡ್ಡಬಳ್ಳಾಪುರದ ತಾಲ್ಲೂಕು ಅವುಗಳಲ್ಲೊಂದು. ಆ ತಾಲ್ಲೂಕಿನ ಶಾಸನಗಳನ್ನು ಒಬ್ಬ ಸಂಪಾದಕನು ಇಂದು ಮರಳಿ ಅಚ್ಚುಮಾಡಿಸಬೇಕೆಂದಿಟ್ಟುಕೊಳ್ಳೋಣ. ಅವನಿಗೆ ಬೇಕಾದುವು ಇವು: ಱಕಾರ ೞಕಾರಗಳು ತಪ್ಪದೆ ಬರಬೇಕು, ಕಲ್ಲಿನ ಸಾಲು ಎಲ್ಲಿ ಮುಗಿಯಿತೆಂಬುದು ತಿಳಿಯಬೇಕು, ಸವೆದುಹೋದ ಅಕ್ಷರಕ್ಕೂ ಸಂಪಾದಕನು ಊಹಿಸಿ ತುಂಬಿದ ಅಕ್ಷರಕ್ಕೂ ಭೇದ ಕಾಣಬೇಕು, ಹಿಂದಿನವರ ಪಾಠವು ಪುಟದ ಅಡಿಯಲ್ಲಿರಬೇಕು, ಕೊನೆಗೆ ಪದಸೂಚಿಯಿರಬೇಕು.

ಇದನ್ನು ಸಾಮಾನ್ಯರೀತಿಯಲ್ಲಿ ಮಾಡಿಸಿದರೆ ಏನಾಗುತ್ತದೆ? ಬೆರಳಚ್ಚಿನವರು ಹಳೆಯ ಪದ್ಧತಿಯ ನುಡಿ ಅಥವಾ ಬರಹದ ಅಕ್ಷರಶೈಲಿಯಲ್ಲಿ ಹೊಡೆಯುತ್ತಾರೆ. ಕಣ್ಣಿಗೆ ಕಾಣುವುದು ಕನ್ನಡ. ಕಡತದ ಒಳಗಿರುವುದು ಮಾತ್ರ ರೋಮನ್ ಲಿಪಿಗೂ ಅದರ ಚಿಹ್ನೆಗಳಿಗೂ ಮೀಸಲಾದ ಸಂಕೇತಸಂಖ್ಯೆಗಳು. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀಟುಗಳು ಕಾಣುತ್ತವೆ. ಆ ಅಕ್ಷರಶೈಲಿಗಳು ತಮ್ಮ ಕಾಲದಲ್ಲಿ ಕನ್ನಡಕ್ಕೆ ಮಾಡಿದ ಉಪಕಾರವು ದೊಡ್ಡದು. ಆದರೆ ಗ್ರಂಥವನ್ನು ಕಾಪಿಡುವ ಪಾತ್ರೆ ಅವಲ್ಲ.

ಇನ್ನೊಂದು ಮಾರ್ಗವೇ ಈ ಲೇಖನದ ವಿಷಯ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಕ್ನೂತ್ ಎಂಬ ಗಣಕಶಾಸ್ತ್ರಜ್ಞರು ೧೯೭೭ರಲ್ಲಿ ತಮ್ಮ ಗ್ರಂಥವೊಂದರ ಎರಡನೆಯ ಮುದ್ರಣದ ಕರಡುಗಳನ್ನು ನೋಡಿ, ಹಿಂದಿನ ಸೀಸದ ಮೊಳೆಗಳ ಸೊಬಗು ಹೊಸ ಯಂತ್ರದಲ್ಲಿ ಹಾಳಾಯಿತೆಂದು ಬೇಸತ್ತು, ಅಕ್ಷರಸಂಯೋಜನೆಗೆ ತಾವೇ ಒಂದು ಕ್ರಮವಿಧಿಯನ್ನು ರಚಿಸಿದರು. ಅದರ ಹೆಸರು ಟೆಕ್. ಕಲೆ, ಕುಶಲವಿದ್ಯೆ ಎರಡನ್ನೂ ಹೇಳುವ ಗ್ರೀಕ್ ಪದದಿಂದ ಆ ಹೆಸರು ಬಂದಿದೆ. ಲೆಸ್ಲಿ ಲ್ಯಾಂಪೋರ್ಟ್ ಎಂಬವರು ೧೯೮೦ರ ದಶಕದಲ್ಲಿ ಅದರ ಮೇಲೆ ಲೇಟೆಕ್ಕನ್ನು ಕಟ್ಟಿದರು. ಯೂನಿಕೋಡು ಬಳಕೆಗೆ ಬರುವ ಮುಂಚೆ ಜಿ. ಎಸ್. ಜಗದೀಶ್, ವೆಂಕಟೇಶ್ ಗೋಪಿನಾಥ್ ಇವರು ಕನ್ನಡಕ್ಕೆ ಇದನ್ನು ಒಗ್ಗಿಸಲು ಯತ್ನಿಸಿದರು. ರೋಮನ್ ಲಿಪಿಯಲ್ಲಿ ಬರೆದುದನ್ನು ಮೊದಲು ಸಂಸ್ಕರಿಸಿ ಅನಂತರ ಟೆಕ್ಕಿಗೆ ಒಪ್ಪಿಸುವ ಕ್ರಮ ಅದು. ೨೦೦೪ರಲ್ಲಿ ಜಾನಥನ್ ಕ್ಯೂ ಅವರ ಝೀಟೆಕ್ ಬಂದಮೇಲೆ ಆ ಸುತ್ತುದಾರಿ ತಪ್ಪಿತು. ಕನ್ನಡವನ್ನು ಕನ್ನಡದಲ್ಲಿಯೇ ಬರೆಯಬಹುದು.

ಈ ಮಾರ್ಗದಲ್ಲಿ ಪುಟದ ಚಿತ್ರವು ಬರೆಯುವಾಗ ಕಣ್ಣೆದುರಿಗಿರುವುದಿಲ್ಲ. ಸಂಪಾದಕನು ಸರಳವಾದ ಒಂದು ಕಡತದಲ್ಲಿ ಪಾಠವನ್ನು ಬರೆದು, ಇದು ಶೀರ್ಷಿಕೆ, ಇದು ಅಡಿಟಿಪ್ಪಣಿ, ಇಲ್ಲಿ ಕಲ್ಲಿನ ಸಾಲು ಮುಗಿಯಿತು ಎಂದು ನಡುನಡುವೆ ಆಜ್ಞೆಗಳನ್ನು ಬರೆಯುತ್ತಾನೆ. ಆಮೇಲೆ ಚಿತ್ರವೂ ಗುಂಡಿಯೂ ಇಲ್ಲದ ತೆರೆಯ ಮೇಲೆ, ಕ್ರಮವಿಧಿಯ ಹೆಸರನ್ನೂ ಕಡತದ ಹೆಸರನ್ನೂ ಒಂದೇ ಸಾಲಿನಲ್ಲಿ ಬೆರಳಚ್ಚುಮಾಡಿ ಕೀಲಿಯೊತ್ತುತ್ತಾನೆ. ಅದೇ ಆಜ್ಞಾಪಂಕ್ತಿ. ಯಂತ್ರವು ಕಡತವನ್ನು ಮೊದಲಿಂದ ಕೊನೆಯವರೆಗೆ ಓದಿ ಪುಟಗಳನ್ನು ಕಟ್ಟಿಕೊಡುತ್ತದೆ. ಒಂದು ಸಲಕ್ಕೆ ಸಾಲದು: ‘ಮುಂದೆ ಇಂಥ ಪುಟವನ್ನು ನೋಡಿ’ ಎಂದು ಬರೆದಿದ್ದರೆ ಆ ಪುಟದ ಸಂಖ್ಯೆ ಮೊದಲ ಓದಿನಲ್ಲಿ ಯಂತ್ರಕ್ಕೆ ತಿಳಿಯದು, ಅದನ್ನು ಬೇರೊಂದು ಸಹಾಯಕಡತದಲ್ಲಿ ಗುರುತುಹಾಕಿಟ್ಟುಕೊಂಡು ಎರಡನೆಯ ಓದಿನಲ್ಲಿ ತುಂಬುತ್ತದೆ.

ದೊಡ್ಡಬಳ್ಳಾಪುರದವರಿಗೆ ಇದು ಅಪರಿಚಿತವೆನಿಸಬೇಕಾಗಿಲ್ಲ. ಸಾಹಿತ್ಯದ ಅಧ್ಯಾಪಕರಿಗೆ ಆ ಊರು ವಿಮರ್ಶಕ ಡಿ. ಆರ್. ನಾಗರಾಜರ ಜನ್ಮಸ್ಥಳವೆಂದು ಪರಿಚಿತ. ಲೋಕಕ್ಕೆ ಅದು ರೇಷ್ಮೆಸೀರೆಯ ಮಗ್ಗಗಳ ಊರು. ಅಲ್ಲಿಯ ಜಕಾರ್ಡ್ ಮಗ್ಗದಲ್ಲಿ ಸೆರಗಿನ ಹೂಬಳ್ಳಿಯನ್ನು ನೆಯ್ಯುವವನು ಲಾಳಿಯೋಡುವಾಗ ಬಿಡಿಸುವುದಿಲ್ಲ. ಅದನ್ನು ಮುಂಚೆಯೇ ರಟ್ಟಿನ ಹಾಳೆಗಳಲ್ಲಿ ತೂತುಗಳಾಗಿ ಹೊಡೆದಿಟ್ಟಿರುತ್ತಾರೆ. ತೂತಿದ್ದೆಡೆ ಹಾಸಿನ ಎಳೆ ಏಳುತ್ತದೆ, ಇಲ್ಲದೆಡೆ ಏಳುವುದಿಲ್ಲ. ೧೮೦೪ರಲ್ಲಿ ಫ್ರಾನ್ಸಿನ ಜಕಾರ್ಡ್ ಎಂಬಾತನು ರೂಪಿಸಿದ ಈ ಉಪಾಯದ ರಟ್ಟುಗಳೇ ಮುಂದೆ ಗಣಕಯಂತ್ರದ ತೂತುಪಟ್ಟಿಗಳಿಗೆ ಮಾದರಿಯಾದುವು. ಈಚೆಗೆ ವಿದ್ಯುನ್ಮಾನದ ಜಕಾರ್ಡ್‌ಗಳು ಬಂದು ರಟ್ಟಿನ ಕೆಲಸವನ್ನು ವಹಿಸಿಕೊಳ್ಳುತ್ತಿದ್ದರೂ ತತ್ತ್ವವು ಅದೇ. ರಟ್ಟಿನಲ್ಲಿ ಒಂದು ತೂತು ತಪ್ಪಿದರೆ ಪ್ರತಿಯೊಂದು ಸೀರೆಯಲ್ಲಿಯೂ ಆ ಹೂವಿನ ಅದೇ ದಳವು ತಪ್ಪುತ್ತದೆ. ಆದರೆ ತಪ್ಪೆಲ್ಲಿದೆಯೆಂದು ತೋರಿಸಬಹುದು, ತಿದ್ದಬಹುದು. ಎಳೆಯ ಬಣ್ಣವನ್ನು ಬದಲಿಸಿದರೆ ಅದೇ ರಟ್ಟಿನಿಂದ ಬೇರೆ ಸೀರೆ. ಹಾಗೆಯೇ ಕಲ್ಲಿನ ಸಾಲು ಮುಗಿಯಿತೆಂಬ ಆಜ್ಞೆಯ ಅರ್ಥವನ್ನು ಒಂದೆಡೆ ಬದಲಿಸಿದರೆ, ಅದೇ ಶಾಸನವು ವಿದ್ವಾಂಸರಿಗಾಗಿ ಸಾಲಿಗೆ ಸಾಲಾಗಿಯೂ ವಿದ್ಯಾರ್ಥಿಗಳಿಗಾಗಿ ಒಟ್ಟುಗದ್ಯವಾಗಿಯೂ ಬರುತ್ತದೆ. ಪಾಠವನ್ನು ಎರಡನೆಯ ಸಲ ಯಾರೂ ಮುಟ್ಟಿರುವುದಿಲ್ಲ. ಸಂಪಾದಕನಿಗೆ ಇದಕ್ಕಿಂತ ದೊಡ್ಡ ಲಾಭವಿಲ್ಲ.

ಪಾಠಾಂತರಗಳ ವಿಷಯದಲ್ಲಿಯೂ ಈ ಮಾರ್ಗವು ಸಮರ್ಥ. ಸಂಸ್ಕೃತ ವಿದ್ವಾಂಸರಾದ ಡೊಮಿನಿಕ್ ವುಜಾಸ್ತಿಕರು ಜಾನ್ ಲವನೀನೋ ಎಂಬವರೊಡನೆ ಪರಿಷ್ಕೃತ ಆವೃತ್ತಿಗಳಿಗೆಂದೇ ಟೆಕ್ಕಿನಲ್ಲಿ ಒಂದು ಆಜ್ಞಾಸಮೂಹವನ್ನು ರಚಿಸಿದರು. ಅದರ ಸಂತತಿಯಾದ ‘ರೆಲೆಡ್‌ಮ್ಯಾಕ್’ ಈಗ ಬಳಕೆಯಲ್ಲಿದೆ. ಸಾಲುಗಳಿಗೆ ತಾನೇ ಸಂಖ್ಯೆಹಾಕಿ, ಪಾಠಾಂತರವನ್ನು ಸಾಲಿನ ಸಂಖ್ಯೆಯೊಡನೆ ಅಡಿಯಲ್ಲಿ ಕೊಡುತ್ತದೆ. ಮೇಲೆ ಒಂದು ಪದವನ್ನು ಸೇರಿಸಿದರೆ ಕೆಳಗಿನ ಸಂಖ್ಯೆಗಳನ್ನು ಕೈಯಿಂದ ತಿದ್ದುವ ಯಾತನೆಯಿಲ್ಲ.

ಇನ್ನು ದೋಷಗಳು. ಇವುಗಳಲ್ಲಿ ಘನವಾದುದು ಬಹುಜನ ದೂರುವ ದೋಷವಲ್ಲ. ಓರೆಗೆರೆಯೂ ಆವರಣಚಿಹ್ನೆಯೂ ಕಣ್ಣಿಗೆ ಒರಟೆಂದು ಹೇಳುವುದುಂಟು. ಒಂದು ತಿಂಗಳಲ್ಲಿ ಅದು ರೂಢಿಯಾಗುತ್ತದೆ. ಆವರಣವನ್ನು ಮುಚ್ಚದೆ ಬಿಟ್ಟರೆ ಯಂತ್ರವು ಎಲ್ಲಿಯೋ ಮುಂದೆ ನಿಂತು, ಸಾಲಿನ ಸಂಖ್ಯೆಯನ್ನು ಹೇಳಿ, ಪ್ರಶ್ನಚಿಹ್ನೆಯಿಟ್ಟು ಉತ್ತರಕ್ಕೆ ಕಾದಿರುತ್ತದೆ. ಇದು ಕೋಪಬರಿಸಿದರೂ ಅಪಾಯಕರವಲ್ಲ. ನಿಂತ ಯಂತ್ರವು ತಪ್ಪನ್ನು ಅಚ್ಚಿಸಲಾರದು. ಅಪಾಯವಿರುವುದು ಯಂತ್ರವು ನಿಲ್ಲದ ಕಡೆ. ಆರಿಸಿಕೊಂಡ ಅಕ್ಷರಶೈಲಿಯಲ್ಲಿ ೞಕಾರದ ರೂಪವಿಲ್ಲದಿದ್ದರೆ ಟೆಕ್ ನಿಲ್ಲುವುದಿಲ್ಲ. ‘ಇಂಥ ಅಕ್ಷರವಿಲ್ಲ’ ಎಂದು ದಿನಚರಿಯ ಕಡತದಲ್ಲಿ ಒಂದು ಸಾಲನ್ನು ಬರೆದಿಟ್ಟು ಮುಂದುವರಿಯುತ್ತದೆ. ಪುಟದಲ್ಲಿ ಅಲ್ಲಿ ಬರಿಯ ಚೌಕವೋ ಶೂನ್ಯವೋ ಉಳಿಯುತ್ತದೆ. ಆಗ ಕರಡು ತಿದ್ದುವವರು ಆ ತೆರಪಿನಲ್ಲಿ ಒಳ್ಳೆಯ ಮನಸ್ಸಿನಿಂದ ಳಕಾರವನ್ನು ತುಂಬುತ್ತಾರೆ. ಅೞಿಯೆಂದರೆ ನಾಶವಾಗು, ಅಳಿಯೆಂದರೆ ದುಂಬಿ. ಕೇಶಿರಾಜನು ಇಷ್ಟು ಎಚ್ಚರದಿಂದ ಬೇರ್ಪಡಿಸಿಟ್ಟುದನ್ನು ಒಂದು ಅಕ್ಷರಶೈಲಿಯ ಕೊರತೆಯು ಕೂಡಿಸಿಬಿಡುತ್ತದೆ. ಆದಕಾರಣ ದಿನಚರಿಯ ಕಡತವನ್ನು ಓದದ ಸಂಪಾದಕನು ಕರಡನ್ನು ಓದದವನೇ ಸರಿ. ಪ್ರಾಸಂಗಿಕವಾಗಿ ಹೇಳುವುದಾದರೆ, ಈ ಅಕ್ಷರದ ದುರದೃಷ್ಟವು ಯೂನಿಕೋಡಿನಲ್ಲಿಯೇ ಮೊದಲಾಯಿತು. ಅಲ್ಲಿ ಇದಕ್ಕೆ ‘ಫ’ ಎಂಬ ತಪ್ಪು ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮವಿರುವುದರಿಂದ ಪಕ್ಕದಲ್ಲಿ ಸರಿಯಾದ ಅಡ್ಡಹೆಸರನ್ನು ಕೊಟ್ಟು ಸಮಾಧಾನಪಟ್ಟರು.

ಎರಡನೆಯದು ಸಾಲಿನ ಕಟ್ಟು. ಟೆಕ್ ಒಂದೊಂದು ಸಾಲನ್ನು ಬಿಡಿಯಾಗಿ ನೋಡದೆ ಇಡಿಯ ಪರಿಚ್ಛೇದವನ್ನು ತೂಗಿನೋಡಿ ಎಲ್ಲಿ ಮುರಿಯಬೇಕೆಂದು ನಿರ್ಣಯಿಸುತ್ತದೆ. ಇದು ಇಂಗ್ಲಿಷಿನ ಚಿಕ್ಕ ಪದಗಳಿಗೆ ಚೆನ್ನಾಗಿ ಸಲ್ಲುತ್ತದೆ. ಸಂಧಿಸಮಾಸಗಳಿಂದ ಬೆಳೆದ ನಮ್ಮ ಪದಗಳು ಕಿರಿಯ ಅಗಲದ ಪುಟದಲ್ಲಿ ಇದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಪದಗಳ ನಡುವೆ ಬಯಲು ಬೀಳುತ್ತದೆ, ಇಲ್ಲವೆ ಸಾಲು ಅಂಚನ್ನು ಮೀರುತ್ತದೆ. ಸಂತೋಷ್ ತೋಟ್ಟಿಂಗಲ್ ಅವರು ಕನ್ನಡಕ್ಕೂ ಪದಚ್ಛೇದದ ಮಾದರಿಗಳನ್ನು ಒದಗಿಸಿರುವುದರಿಂದ ಒತ್ತಕ್ಷರವು ಒಡೆಯದಂತೆ ಪದವನ್ನು ಮುರಿಯಬಹುದು. ಆದರೆ ಆ ಮಾದರಿಗಳು ಅಕ್ಷರವನ್ನು ಬಲ್ಲವೇ ಹೊರತು ಸಂಧಿಯನ್ನಲ್ಲ. ಪದ್ಯದಲ್ಲಿ ಇದನ್ನು ಪೂರ್ತಿಯಾಗಿ ನಿಲ್ಲಿಸಿಬಿಡುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಪಂಡಿತನು ಮೊಳೆಜೋಡಿಸುವವನಾಗಬೇಕೆ ಎಂದು ಪೂರ್ವಪಕ್ಷವನ್ನು ಹೂಡುವವರಿದ್ದಾರೆ. ಆಗಬೇಕಾಗಿಲ್ಲ. ಶ್ರೀರಂಗಪಟ್ಟಣದ ಶ್ರೀರಂಗ ಡಿಜಿಟಲ್ ಸಂಸ್ಥೆಯು ಗಣಿತಜ್ಞರಾದ ಸಿ. ಎಸ್. ಯೋಗಾನಂದರ ನೇತೃತ್ವದಲ್ಲಿ ಟೆಕ್ಕಿನಿಂದ ಭಾರತೀಯ ಭಾಷೆಗಳ ಗ್ರಂಥಗಳನ್ನು ಸಂಯೋಜಿಸಿ ತೋರಿಸಿದೆ. ಅಂಥ ಕೈಗಳಿಗೆ ಪುಟದ ಅಲಂಕಾರವನ್ನು ಒಪ್ಪಿಸಬಹುದು. ಆದರೆ ಯಾವುದು ಊಹಾಪಾಠ, ಯಾವುದು ಕಲ್ಲಿನ ಪಾಠ ಎಂದು ಗುರುತಿಸುವ ಆಜ್ಞೆಯನ್ನು ಸಂಪಾದಕನೇ ಬರೆಯಬೇಕು, ಏಕೆಂದರೆ ಅದು ಅಲಂಕಾರವಲ್ಲ, ನಿರ್ಣಯ. ಝೀಟೆಕ್ಕಿನಲ್ಲಿ ಆಜ್ಞೆಗಳಿಗೆ ಕನ್ನಡದಲ್ಲಿಯೇ ಹೆಸರಿಡಬಹುದಾದ್ದರಿಂದ ‘ಊಹೆ’, ‘ಸವೆತ’ ಎಂಬ ಆಜ್ಞೆಗಳನ್ನು ಮಾಡಿಕೊಂಡ ಕಡತವು, ಯಂತ್ರವೇ ಇಲ್ಲದೆ ಓದಿದರೂ ಅರ್ಥವಾಗುತ್ತದೆ. ಕವನಸಂಕಲನಕ್ಕಾಗಲಿ ಸಭೆಯ ಕರೆಯೋಲೆಗಾಗಲಿ ಇಷ್ಟು ಸನ್ನಾಹ ವ್ಯರ್ಥ. ಅವುಗಳಿಗೆ ಕಣ್ಣಿಗೆ ಕಂಡಂತೆ ಜೋಡಿಸುವ ಸಾಧನಗಳೇ ಸಾಕು.

ಪದಸೂಚಿಯೊಂದು ಉಳಿಯಿತು. ಲೇಟೆಕ್ಕಿನೊಡನೆ ಬರುವ ಹಳೆಯ ಸೂಚೀಕಾರ ಕ್ರಮವಿಧಿಯು ಕನ್ನಡದ ವರ್ಣಮಾಲೆಯನ್ನರಿಯದು. ಸಂಕೇತಸಂಖ್ಯೆಯ ಕ್ರಮದಲ್ಲಿ ಪದಗಳನ್ನು ಜೋಡಿಸುತ್ತದೆ. ಯೂನಿಕೋಡಿನಲ್ಲಿ ಳಕಾರವು ಲಕಾರದ ಬೆನ್ನಿಗೇ, ವಕಾರಕ್ಕೆ ಮೊದಲು ಬರುತ್ತದೆ. ನಮ್ಮ ಮಕ್ಕಳು ಅದನ್ನು ಹಕಾರವಾದಮೇಲೆ ಕಲಿಯುತ್ತಾರೆ. ಇದರಿಂದ ‘ಕಳಸ’ವು ‘ಕವಿ’ಗಿಂತ ಮುಂಚೆ ಬಂದು ಕೂರುತ್ತದೆ. ೞಕಾರದ ಸಂಖ್ಯೆಯಾದರೋ ಸ್ವರಚಿಹ್ನೆಗಳನ್ನೂ ದಾಟಿ ದೂರದಲ್ಲಿದೆ. ಹಾಗಾಗಿ ‘ಬೞಿ’ ಎಂಬುದು ‘ಬಳಿ’ಯ ನೆರೆಯಲ್ಲಿ ಸಿಕ್ಕದೆ, ‘ಬ’ಕಾರಕ್ಕೆ ಕಾಗುಣಿತವೂ ಒತ್ತಕ್ಷರವೂ ಹತ್ತಿದ ಪದಗಳೆಲ್ಲ ಮುಗಿದಮೇಲೆ ಸಿಕ್ಕುತ್ತದೆ. ‘ಕ್ಸಿಂಡಿ’ಯಂಥ ಸಾಧನಕ್ಕೆ ನಮ್ಮ ಅಕ್ಷರಕ್ರಮವನ್ನು ಬರೆದುಕೊಟ್ಟರೆ ಇದು ಸರಿಹೋಗುತ್ತದೆ. ಆ ಕ್ರಮವನ್ನು ಬರೆಯುವ ಮುಂಚೆ ೞಕಾರವನ್ನು ಳಕಾರದೊಡನೆ ಬೆರೆಸಿ ಜೋಡಿಸಬೇಕೋ ಬೇರೆಯಾಗಿಯೋ, ಱಕಾರವನ್ನು ರಕಾರದ ಜೊತೆಗೆ ಇಡಬೇಕೋ ಎಂದು ವಿದ್ವಾಂಸರು ಒಂದೆಡೆ ಕೂತು ತೀರ್ಮಾನಿಸಿ, ಆ ಕಡತವನ್ನು ಎಲ್ಲರಿಗೂ ಸಿಕ್ಕುವಂತೆ ಪ್ರಕಟಿಸಬೇಕು.