ನಾಲ್ಕು ವರ್ಷದ ಮಗು, ಮೂರು ದೇಶದ ಲೆಕ್ಕ

ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಮಗುವಿಗೆ ಮೂರು ವರ್ಷ ತುಂಬುತ್ತಿದ್ದಂತೆ ಒಂದು ಚರ್ಚೆ ಶುರುವಾಗುತ್ತದೆ. ಯಾವ ಶಾಲೆ? ಸಿಬಿಎಸ್‌ಇಯೋ, ಬ್ರಿಟಿಷ್ ಪಠ್ಯಕ್ರಮವೋ, ಐಬಿಯೋ? ಊರಿನವರ ಇಫ್ತಾರ್ ಕೂಟಗಳಲ್ಲಿ, ಜುಮಾ ಮುಗಿಸಿ ಮಸೀದಿಯಿಂದ ಹೊರಬರುವಾಗ, ಗೆಳೆಯರ ಮನೆಯ ಊಟದ ಹೊತ್ತಿನಲ್ಲಿ ಇದೇ ಮಾತು. ಇದು ಅವರವರ ಮನೆಯ ವಿಷಯ ಎಂದು ಸುಮ್ಮನಿರುವುದು ವಾಡಿಕೆ. ಆದರೆ ಒಂದು ಸಮುದಾಯ ತನ್ನ ಎಳೆಯ ಮಕ್ಕಳಿಗೆ ಎಂಥ ಶಾಲೆಯನ್ನು ಆರಿಸುತ್ತದೆ ಎಂಬುದನ್ನು ನೋಡಿದರೆ ಅದು ಶಿಕ್ಷಣವನ್ನು ಏನೆಂದು ತಿಳಿದುಕೊಂಡಿದೆ ಎಂಬುದೂ ಗೊತ್ತಾಗುತ್ತದೆ. ಆದ್ದರಿಂದ ಈ ಆಯ್ಕೆಯನ್ನು ವಿಮರ್ಶೆಗೆ ಒಡ್ಡುವುದು ಅಗತ್ಯ. ಕನ್ನಡಿಗ ಕುಟುಂಬಗಳು ಬಹಳಷ್ಟಿರುವ ದುಬೈ ನಗರವನ್ನೇ ನಾವು ಮುಖ್ಯವಾಗಿ ಉದಾಹರಣೆಯಾಗಿ ನೋಡೋಣ.

ಒಂದು ಪದದ ಪ್ರಯಾಣ

‘ಇಂಟರ್‌ನ್ಯಾಷನಲ್ ಸ್ಕೂಲ್’ ಎಂಬ ಪದಕ್ಕೆ ಒಂದು ಗೌರವಾನ್ವಿತ ಇತಿಹಾಸವಿದೆ. ಮೊದಲ ಮಹಾಯುದ್ಧದ ಬಳಿಕ ಜಿನೀವಾದಲ್ಲಿ ರಾಷ್ಟ್ರಗಳ ಒಕ್ಕೂಟ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಕಚೇರಿಗಳು ತೆರೆದವು. ಅಲ್ಲಿಗೆ ಬಂದ ಅಧಿಕಾರಿಗಳ ಮಕ್ಕಳಿಗಾಗಿ 1924ರಲ್ಲಿ ಜಿನೀವಾದ ಇಂಟರ್‌ನ್ಯಾಷನಲ್ ಸ್ಕೂಲ್ ಆರಂಭವಾಯಿತು. ಪರಸ್ಪರ ಯುದ್ಧ ಮಾಡಿದ ದೇಶಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕಲಿಯಲಿ ಎಂಬ ಆಶಯ ಅದರ ಹಿಂದಿತ್ತು. 1968ರಲ್ಲಿ ಅದೇ ನಗರದಲ್ಲಿ ಐಬಿ ಸಂಸ್ಥೆ ಹುಟ್ಟಿದಾಗಲೂ, ಹೆತ್ತವರ ಉದ್ಯೋಗದಿಂದಾಗಿ ದೇಶದಿಂದ ದೇಶಕ್ಕೆ ಅಲೆಯುವ ಮಕ್ಕಳು ಯಾವ ದೇಶದ ವಿಶ್ವವಿದ್ಯಾನಿಲಯಕ್ಕಾದರೂ ಸೇರಲು ಆಗಬೇಕು ಎಂಬುದು ಒಂದು ಮುಖ್ಯ ಉದ್ದೇಶವಾಗಿತ್ತು. ಎಳೆಯ ಮಕ್ಕಳಿಗಾಗಿ ಐಬಿಯ ಪ್ರಾಥಮಿಕ ಕಾರ್ಯಕ್ರಮ ಬಂದದ್ದು ಬಹಳ ತಡವಾಗಿ, 1997ರಲ್ಲಿ.

ಅಂದರೆ ಈ ಪದ ಹುಟ್ಟಿದಾಗ ಅದರಲ್ಲಿ ಎರಡು ಅರ್ಥಗಳಿದ್ದವು. ಬೇರೆ ಬೇರೆ ದೇಶದ ಮಕ್ಕಳು ಒಟ್ಟಿಗೆ ಕೂರುವುದು ಒಂದು. ಎಲ್ಲಿಗೆ ಹೋದರೂ ಓದು ಮುಂದುವರಿಯುವುದು ಇನ್ನೊಂದು. ಇಂದು ಮಂಗಳೂರು, ಬೆಂಗಳೂರಿನ ಗಲ್ಲಿಗಳಲ್ಲೂ ‘ಇಂಟರ್‌ನ್ಯಾಷನಲ್’ ಎಂಬ ಬೋರ್ಡು ಕಾಣಿಸುತ್ತದೆ. ಅದರರ್ಥ ಎಷ್ಟೋ ಕಡೆ ಹವಾನಿಯಂತ್ರಿತ ಕೊಠಡಿ ಮತ್ತು ದುಬಾರಿ ಶುಲ್ಕ, ಅಷ್ಟೆ. ದುಬೈಯಲ್ಲಿ ಪರಿಸ್ಥಿತಿ ಇದಕ್ಕಿಂತ ಗಂಭೀರವಾದದ್ದು. ಅಲ್ಲಿ ನಿಜವಾಗಿಯೂ ನೂರಾರು ದೇಶಗಳ ಜನರಿದ್ದಾರೆ. ಹಾಗಿದ್ದರೆ ಅವರ ಮಕ್ಕಳು ಒಟ್ಟಿಗೆ ಕೂರುತ್ತಿದ್ದಾರೆಯೇ?

ಸಫ್‌ನಲ್ಲಿ ಜೊತೆ, ಶಾಲೆಯಲ್ಲಿ ಬೇರೆ

ದುಬೈಯ ಸರಕಾರಿ ಶಾಲೆಗಳು ಮುಖ್ಯವಾಗಿ ಆ ದೇಶದ ಪ್ರಜೆಗಳಿಗಾಗಿ ಇರುವಂಥವು. ಆದ್ದರಿಂದ ವಲಸಿಗರ ಮಕ್ಕಳಿಗೆ ಖಾಸಗಿ ಶಾಲೆಯೇ ಗತಿ. 2024-25ರಲ್ಲಿ ಅಲ್ಲಿ 220ಕ್ಕೂ ಹೆಚ್ಚು ಖಾಸಗಿ ಶಾಲೆಗಳಿದ್ದವು. ಅವುಗಳಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಓದುತ್ತಿದ್ದರು. ಅವರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬ್ರಿಟಿಷ್ ಪಠ್ಯಕ್ರಮದಲ್ಲಿ, ಸುಮಾರು ನಾಲ್ಕನೇ ಒಂದು ಪಾಲು ಭಾರತೀಯ ಪಠ್ಯಕ್ರಮದಲ್ಲಿ. ಉಳಿದವರು ಅಮೆರಿಕನ್, ಐಬಿ, ಪಾಕಿಸ್ತಾನಿ, ಫಿಲಿಪ್ಪೀನ್, ಫ್ರೆಂಚ್ ಮುಂತಾದ ಶಾಲೆಗಳಲ್ಲಿ. ಭಾರತೀಯರು ದುಬೈಯಲ್ಲಿ ಶಾಲೆ ಕಟ್ಟಿದ್ದು ಇತ್ತೀಚೆಗಲ್ಲ. ಅಲ್ಲಿನ ಇಂಡಿಯನ್ ಹೈಸ್ಕೂಲ್ 1961ರಷ್ಟು ಹಳೆಯದು, ಯುಎಇ ಎಂಬ ದೇಶ ರೂಪುಗೊಳ್ಳುವುದಕ್ಕಿಂತ 10 ವರ್ಷ ಹಿಂದಿನದು.

ಈ ಶಾಲೆಗಳ ಶುಲ್ಕದ ಪಟ್ಟಿಯನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ ನಗರದ ಸಂಬಳದ ಪಟ್ಟಿಯೇ ಕಾಣಿಸುತ್ತದೆ. ಕೆಳಗಿನ ತುದಿಯಲ್ಲಿ ವರ್ಷಕ್ಕೆ ಕೆಲವೇ ಸಾವಿರ ದಿರ್ಹಮ್ ಪಡೆಯುವ ಭಾರತೀಯ ಮತ್ತು ಪಾಕಿಸ್ತಾನಿ ಶಾಲೆಗಳು. ಮೇಲಿನ ತುದಿಯಲ್ಲಿ ಲಕ್ಷ ದಿರ್ಹಮ್ ದಾಟುವ ಬ್ರಿಟಿಷ್ ಮತ್ತು ಐಬಿ ಶಾಲೆಗಳು. ಮಸೀದಿಯ ಸಫ್‌ನಲ್ಲಿ ಭಟ್ಕಳದವನು, ಲಾಹೋರಿನವನು, ಕೈರೋದವನು, ದುಬೈಯವನು ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಾರೆ. ಮರುದಿನ ಬೆಳಿಗ್ಗೆ ಅವರ ಮಕ್ಕಳನ್ನು ನಾಲ್ಕು ಬಸ್ಸುಗಳು ನಾಲ್ಕು ದಿಕ್ಕಿಗೆ ಕೊಂಡೊಯ್ಯುತ್ತವೆ. ತಂದೆಯ ಪಾಸ್‌ಪೋರ್ಟ್ ಮತ್ತು ಸಂಬಳದ ಪ್ರಕಾರ ವಿಂಗಡಿಸಲ್ಪಟ್ಟ ಮಕ್ಕಳ ಈ ವ್ಯವಸ್ಥೆಗೆ ಜಿನೀವಾದ ಆ ಹಳೆಯ ಪದವನ್ನು ಬಳಸುತ್ತಿದ್ದೇವೆ ಎಂಬುದನ್ನು ಓದುಗರು ಗಮನಿಸಬೇಕು.

ವಿಂಗಡಣೆ ಇಲ್ಲಿಗೇ ನಿಲ್ಲುವುದಿಲ್ಲ. ಯುಎಇಯಲ್ಲಿ 2019ರ ನಿಯಮದಂತೆ 4,000 ದಿರ್ಹಮ್ ಸಂಬಳ, ಅಥವಾ 3,000 ದಿರ್ಹಮ್ ಮತ್ತು ವಸತಿ ಇದ್ದವರು ಕುಟುಂಬವನ್ನು ಕರೆಸಿಕೊಳ್ಳಬಹುದು. ಕಾನೂನು ಬಾಗಿಲು ತೆರೆದಿದೆ, ನಿಜ. ಆದರೆ ಅಗ್ಗದ ಶಾಲೆಯೊಂದರ ಶುಲ್ಕ, ಬಸ್ಸು, ಸಮವಸ್ತ್ರ, ಪುಸ್ತಕ ಎಲ್ಲ ಸೇರಿದರೆ ಒಂದು ಮಗುವಿಗೇ ವರ್ಷದಲ್ಲಿ ಎರಡು ಮೂರು ತಿಂಗಳ ಸಂಬಳ ಹೋಗುತ್ತದೆ. ಮನೆ ಬಾಡಿಗೆ ಬೇರೆ. ಎರಡನೆಯ ಮಗು ಶಾಲೆಯ ವಯಸ್ಸಿಗೆ ಬಂದಾಗ ತಾಯಿ ಮಕ್ಕಳು ಊರಿಗೆ ಮರಳುತ್ತಾರೆ, ತಂದೆ ಬ್ಯಾಚುಲರ್ ರೂಮಿನ ಹಾಸಿಗೆಗೆ ಹಿಂದಿರುಗುತ್ತಾನೆ. ಕರಾವಳಿಯ ಎಷ್ಟು ಮನೆಗಳು ಹೀಗೆ ಇಬ್ಭಾಗವಾಗಿವೆ ಎಂಬುದನ್ನು ನಾವು ಯಾರಿಗೂ ವಿವರಿಸಬೇಕಾಗಿಲ್ಲ. ಯಾವ ಶಾಲೆ ಎಂಬ ಪ್ರಶ್ನೆ ಇವರ ಪಾಲಿಗೆ ಮಗು ತಂದೆಯ ಜೊತೆ ಬೆಳೆಯುತ್ತದೆಯೇ ಇಲ್ಲವೇ ಎಂಬ ಪ್ರಶ್ನೆ. ಶಾಲೆಗಳ ಬಗ್ಗೆ ನಾವು ನಡೆಸುವ ಚರ್ಚೆಯಲ್ಲಿ ಈ ಮನೆಗಳಿಗೆ ಜಾಗವೇ ಇರುವುದಿಲ್ಲ.

ಒಂದೇ ಪದದ ಪ್ರಮಾಣಪತ್ರ

ದುಬೈಯ ಶಿಕ್ಷಣ ಪ್ರಾಧಿಕಾರವಾದ ಕೆಎಚ್‌ಡಿಎ 2008-09ರಿಂದ ಖಾಸಗಿ ಶಾಲೆಗಳ ತಪಾಸಣೆ ನಡೆಸಿ ವರದಿಗಳನ್ನು ಪ್ರಕಟಿಸುತ್ತಾ ಬಂದಿತು. ‘ಅತ್ಯುತ್ತಮ’ದಿಂದ ಹಿಡಿದು ‘ದುರ್ಬಲ’ದವರೆಗೆ ದರ್ಜೆಗಳಿದ್ದವು. ಹೆತ್ತವರ ಕೈಗೆ ಇಂಥ ಮಾಹಿತಿ ಸಿಗುವುದು ಒಳ್ಳೆಯದೇ. ನಮ್ಮ ರಾಜ್ಯದ ಖಾಸಗಿ ಶಾಲೆಗಳ ಬಗ್ಗೆ ಇಂಥ ಬಹಿರಂಗ ವರದಿಗಳು ಬಂದರೆ ಎಷ್ಟು ಉಪಕಾರವಾಗುತ್ತಿತ್ತು! ಆದರೆ ಶಾಲೆಗಳು ಆ ಒಂದು ಪದವನ್ನು ಗೇಟಿನ ಮೇಲಿನ ಬ್ಯಾನರಿಗೆ ಏರಿಸಿದವು, ಹೆತ್ತವರು ಆ ಒಂದು ಪದವನ್ನಷ್ಟೇ ಓದಿದರು. ವರದಿಯ ಒಳಗೆ ಶಿಶು ವಿಭಾಗಕ್ಕೆ, ಪ್ರಾಥಮಿಕಕ್ಕೆ, ಹಿರಿಯ ತರಗತಿಗಳಿಗೆ ಬೇರೆ ಬೇರೆ ಅಂಕಣಗಳಿರುತ್ತವೆ. ಹನ್ನೆರಡನೆಯ ತರಗತಿಯ ಫಲಿತಾಂಶದಿಂದ ಹೆಸರು ಗಳಿಸಿದ ಶಾಲೆಯ ಕೆಜಿ ವಿಭಾಗ ಸಾಧಾರಣವಾಗಿರಬಹುದು. ನಾಲ್ಕು ವರ್ಷದ ಮಗು ಸೇರುವುದು ಕೆಜಿಗೆ, ಹನ್ನೆರಡನೆಯ ತರಗತಿಗಲ್ಲ. 2024-25ರಲ್ಲಿ ಕೆಎಚ್‌ಡಿಎ ಹೆಚ್ಚಿನ ಶಾಲೆಗಳ ಪೂರ್ಣ ತಪಾಸಣೆಯನ್ನು ಕೈಬಿಟ್ಟಿತು. ಹಾಗಾಗಿ ಬ್ಯಾನರಿನ ಮೇಲಿನ ದರ್ಜೆ ಯಾವ ವರ್ಷದ್ದೆಂದು ನೋಡುವುದೂ ಈಗ ಅಗತ್ಯ.

ಮೂರು ದೇಶಗಳು

ಅನಿವಾಸಿ ಕುಟುಂಬ ಶಾಲೆಯನ್ನು ಆರಿಸುವಾಗ ಅದರ ಮನಸ್ಸಿನಲ್ಲಿ ಮೂರು ದೇಶಗಳಿರುತ್ತವೆ. ದುಡಿಯುತ್ತಿರುವ ದೇಶ, ಮರಳಬೇಕಾದ ದೇಶ, ಮತ್ತು ಮಗು ದೊಡ್ಡದಾದ ಮೇಲೆ ಹೋಗಲಿ ಎಂದು ಬಯಸುವ ದೇಶ. ಈ ಮೂರನೆಯದು ಸಾಮಾನ್ಯವಾಗಿ ಕೆನಡಾ ಅಥವಾ ಬ್ರಿಟನ್. ನಮ್ಮ ಆಯ್ಕೆಯಲ್ಲಿ ಅತಿ ಹೆಚ್ಚು ತೂಕ ಸಿಗುವುದು ಈ ಕನಸಿನ ದೇಶಕ್ಕೆ. ಆದರೆ ಕೊಲ್ಲಿಯ ಅನುಭವ ಹೇಳುವುದೇ ಬೇರೆ.

ಕೊಲ್ಲಿಯಲ್ಲಿ ಹೆಚ್ಚಿನವರ ವಾಸ ಉದ್ಯೋಗದ ವೀಸಾಕ್ಕೆ ಕಟ್ಟಿಕೊಂಡಿರುತ್ತದೆ. ಕೆಲಸ ಹೋದರೆ ಶಾಲೆಯೂ ಹೋಯಿತು. ಸೌದಿ ಅರೇಬಿಯಾ 2017ರ ಜುಲೈಯಲ್ಲಿ ಅವಲಂಬಿತರ ಮೇಲೆ ತಲಾ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿ, ಅದನ್ನು ವರ್ಷವರ್ಷ ಏರಿಸಿ 2020ಕ್ಕೆ 400 ರಿಯಾಲ್‌ಗೆ ತಂದಿತು. ಜಿದ್ದಾ, ರಿಯಾದ್, ದಮ್ಮಾಮ್‌ಗಳಿಂದ ಅನೇಕ ಕುಟುಂಬಗಳು ಊರಿಗೆ ಮರಳಿದವು. 2020ರ ಕೊರೋನಾ ಕಾಲದಲ್ಲಿ ಮತ್ತೊಮ್ಮೆ ಅದೇ ಆಯಿತು. ಹೀಗೆ ಮರಳಿದ ಮಕ್ಕಳಿಗೆ ಯಾವ ಪಠ್ಯಕ್ರಮ ಅನುಕೂಲ ಎಂಬುದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ಬ್ರಿಟಿಷ್ ಶಾಲೆಯ ವರ್ಷ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ ಶುರುವಾದರೆ ದುಬೈಯ ಭಾರತೀಯ ಶಾಲೆಗಳದ್ದು ಹೆಚ್ಚಾಗಿ ಎಪ್ರಿಲ್‌ನಲ್ಲಿ, ಊರಿನ ರಾಜ್ಯ ಪಠ್ಯಕ್ರಮದ್ದು ಜೂನ್ ಹೊತ್ತಿಗೆ. ಮಧ್ಯದಲ್ಲಿ ಮಗುವಿನ ಅರ್ಧ ವರ್ಷ ಕಳೆದುಹೋಗಬಹುದು. ಪಠ್ಯಕ್ರಮಗಳೂ ಶಾಶ್ವತವಲ್ಲ. ಸಿಬಿಎಸ್‌ಇ 2010ರಲ್ಲಿ ವಿದೇಶಗಳ ಶಾಲೆಗಳಿಗೆಂದು ‘ಸಿಬಿಎಸ್‌ಇ-ಐ’ ಎಂಬ ಅಂತಾರಾಷ್ಟ್ರೀಯ ಪಠ್ಯಕ್ರಮ ತಂದಿತು, 2017ರಲ್ಲಿ ಅದನ್ನು ಕೈಬಿಟ್ಟಿತು.

ಕರ್ನಾಟಕದ ನಿಯಮಗಳನ್ನೂ ನೋಡಬೇಕು. ಸಿಇಟಿ ಮೂಲಕ ಸರಕಾರಿ ಕೋಟಾದ ಸೀಟು ಬೇಕಾದವರಿಗೆ ಸಾಮಾನ್ಯ ಅರ್ಹತೆ ರಾಜ್ಯದಲ್ಲಿ ಕನಿಷ್ಠ 7 ವರ್ಷ ಓದಿರುವುದು. ಹೊರಗೆ ಬೆಳೆದವರಿಗೆ ಇರುವ ಒಂದು ದಾರಿ, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ 7 ವರ್ಷ ಓದಿದ್ದು, ಮಗು ಪಿಯುಸಿಯ ಎರಡೂ ವರ್ಷ ರಾಜ್ಯದಲ್ಲೇ ಓದುವುದು. ಇನ್ನು 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಂತೆ 2017-18ರಿಂದ ಒಂದನೇ ತರಗತಿಯಿಂದ ಹಂತಹಂತವಾಗಿ ರಾಜ್ಯದ ಎಲ್ಲ ಶಾಲೆಗಳಲ್ಲಿ, ಸಿಬಿಎಸ್‌ಇ ಶಾಲೆಗಳಲ್ಲೂ, ಕನ್ನಡ ಒಂದು ಭಾಷೆಯಾಗಿ ಕಡ್ಡಾಯವಾಯಿತು. ಐದನೇ ತರಗತಿಗೆ ಊರಿಗೆ ಮರಳಿದ ಮಗು ಗಣಿತದಲ್ಲಿ ಸೋಲುವುದಿಲ್ಲ, ಇಂಗ್ಲಿಷಿನಲ್ಲಂತೂ ಮುಂದಿರುತ್ತದೆ. ಅದು ತಡವರಿಸುವುದು ತನ್ನ ಊರಿನ ಭಾಷೆಯಲ್ಲಿ.

ಮನೆಮಾತಿನ ಪ್ರಶ್ನೆ

ನಮ್ಮ ಪ್ರಕಾರ ಎಲ್ಲಕ್ಕಿಂತ ಮೊದಲು ಚರ್ಚೆಗೆ ಬರಬೇಕಾದದ್ದು, ಆದರೆ ಎಲ್ಲಕ್ಕಿಂತ ಕೊನೆಗೆ ಬರುವುದು ಇದೇ. ಕರಾವಳಿಯ ಮುಸ್ಲಿಮರ ಮನೆಯಲ್ಲಿ ಬ್ಯಾರಿ, ನವಾಯತಿ ಅಥವಾ ಉರ್ದು, ನೆರೆಯವರೊಂದಿಗೆ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ. ಮೂರು ನಾಲ್ಕು ಭಾಷೆಗಳನ್ನು ಆಡುತ್ತಾ ಬೆಳೆದ ತಲೆಮಾರು ಈಗ ಕೊಲ್ಲಿಯಲ್ಲಿ ಮಕ್ಕಳನ್ನು ಬೆಳೆಸುತ್ತಿದೆ. ಪ್ರವೇಶ ಸಂದರ್ಶನದಲ್ಲಿ ಮಗು ಇಂಗ್ಲಿಷಿನಲ್ಲಿ ಉತ್ತರಿಸಲಿ ಎಂದು ಎರಡನೇ ವರ್ಷದಿಂದಲೇ ಮನೆಯಲ್ಲಿ ಇಂಗ್ಲಿಷ್ ಶುರು. ತಾಯಿಗೆ ಆ ಇಂಗ್ಲಿಷ್ ಸಲೀಸಿಲ್ಲದಿದ್ದರೂ ಅದರಲ್ಲೇ ಮಾತು. ಹೀಗಾದಾಗ ಮಗುವಿಗೆ ಸಿಗುವುದು ಬಡಕಲು ಭಾಷೆ. ‘ಈಟ್’, ‘ಸಿಟ್’, ‘ಕಮ್’, ‘ಡೋಂಟ್’. ಕತೆ, ಗಾದೆ, ತಮಾಷೆ, ಗದರಿಕೆಯಲ್ಲೂ ಇರುವ ಮುದ್ದು ಯಾವುದೂ ಅದರಲ್ಲಿಲ್ಲ.

ಟೊರೊಂಟೊ ವಿಶ್ವವಿದ್ಯಾನಿಲಯದ ಭಾಷಾ ಶಿಕ್ಷಣ ವಿದ್ವಾಂಸ ಜಿಮ್ ಕಮಿನ್ಸ್ 1970ರ ದಶಕದಿಂದ ಹೇಳುತ್ತಾ ಬಂದಿರುವ ಮಾತು ಇಲ್ಲಿ ಮುಖ್ಯ. ಹೊಸ ಭಾಷೆಯಲ್ಲಿ ಆಟದ ಬಯಲಿನ ಸಲೀಸು ಮಾತು ಮಕ್ಕಳಿಗೆ ಸುಮಾರು ಎರಡು ವರ್ಷದಲ್ಲಿ ಬರುತ್ತದೆ. ಪಾಠವನ್ನು ಅರ್ಥಮಾಡಿಕೊಂಡು ಬರೆಯುವ ಭಾಷೆಗೆ ಐದರಿಂದ ಏಳು ವರ್ಷ ಬೇಕು. ಮನೆಮಾತಿನಲ್ಲಿ ಗಟ್ಟಿಯಾದ ಮಗು ಆ ಬಲವನ್ನು ಎರಡನೆಯ ಭಾಷೆಗೂ ಒಯ್ಯುತ್ತದೆ. ಮನೆಮಾತನ್ನು ಕಿತ್ತುಹಾಕಿ ಇಂಗ್ಲಿಷನ್ನು ನೆಡುವುದರಿಂದ ಇಂಗ್ಲಿಷಿಗೂ ಲಾಭವಿಲ್ಲ ಎಂದರ್ಥ. ಐಬಿ ಕೂಡ ತನ್ನ ಶಾಲೆಗಳಿಗೆ ಒಂದು ಭಾಷಾ ನೀತಿ ಇರಬೇಕು, ಅದರಲ್ಲಿ ಮಗುವಿನ ಮನೆಮಾತಿಗೆ ಬೆಂಬಲ ಇರಬೇಕು ಎಂದು ಹೇಳುತ್ತದೆ. ಐಬಿ ಶಾಲೆಗೆ ದುಬಾರಿ ಶುಲ್ಕ ತೆರುವ ನಮ್ಮವರಲ್ಲಿ ಎಷ್ಟು ಮಂದಿ ಆ ನೀತಿಯನ್ನು ಕೇಳಿ ಪಡೆದಿದ್ದಾರೆ?

ಮುಸ್ಲಿಮ್ ಹೆತ್ತವರಿಗೆ ಇನ್ನೊಂದು ಸಮಾಧಾನವಿದೆ. ಯುಎಇಯ ಖಾಸಗಿ ಶಾಲೆಗಳಲ್ಲಿ ಅರಬಿ ಭಾಷೆ ಕಡ್ಡಾಯ, ಮುಸ್ಲಿಮ್ ಮಕ್ಕಳಿಗೆ ಇಸ್ಲಾಮಿ ಶಿಕ್ಷಣವೂ ಕಡ್ಡಾಯ. ‘ದೀನಿನ ವಿಷಯ ಶಾಲೆಯೇ ನೋಡಿಕೊಳ್ಳುತ್ತದೆ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ವಾರದ ಕೆಲವು ಪೀರಿಯಡ್‌ಗಳು ಪಾಠ ಕಲಿಸಬಲ್ಲವು. ಆದರೆ ಅಜ್ಜಿಯ ಬಾಯಿಂದ ಮನೆಮಾತಿನಲ್ಲಿ ಕೇಳಿದ ಪ್ರವಾದಿಗಳ ಕತೆ, ತಂದೆ ಊಟಕ್ಕೆ ಕೂರುವಾಗ ಕಲಿಸಿದ ದುಆ, ಇವುಗಳ ಜಾಗವನ್ನು ಅವು ತುಂಬಲಾರವು. ವಿಡಿಯೋ ಕರೆಯಲ್ಲಿ ಮೊಮ್ಮಗು ‘ಹಲೋ’ ಎಂದು ಹೇಳಿ ಓಡಿಹೋದ ಮೇಲೂ ಮೊಬೈಲ್ ಹಿಡಿದುಕೊಂಡೇ ಕೂತಿರುವ ಅಜ್ಜಿಯರು ನಮ್ಮೂರುಗಳಲ್ಲಿ ಎಷ್ಟೋ ಮಂದಿ.

ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಎಳೆಯ ಮಗುವಿಗೆ ಶಾಲೆ ಆರಿಸುವಾಗ ನೋಡಬೇಕಾದದ್ದೇನು? ಮಗು ಬಸ್ಸಿನಲ್ಲಿ ಎಷ್ಟು ಹೊತ್ತು ಕಳೆಯುತ್ತದೆ? ತರಗತಿಯಲ್ಲಿ ಎಷ್ಟು ಮಕ್ಕಳು, ನೋಡಿಕೊಳ್ಳಲು ಎಷ್ಟು ಮಂದಿ? ಕೆಜಿಯ ಅಧ್ಯಾಪಕಿಯರು ವರ್ಷವಿಡೀ ಉಳಿಯುತ್ತಾರೆಯೇ, ನಡುವೆಯೇ ಬದಲಾಗುತ್ತಾರೆಯೇ? ಬೇಸಗೆಯ ಬಿಸಿಲಿನ ತಿಂಗಳುಗಳಲ್ಲಿ ಮಕ್ಕಳು ಆಡುವುದೆಲ್ಲಿ? ಇಂಗ್ಲಿಷ್ ಬಾರದ ಮಗು ತನ್ನ ಭಾಷೆಯಲ್ಲಿ ಅತ್ತರೆ ಅಧ್ಯಾಪಕಿ ಏನು ಮಾಡುತ್ತಾರೆ? ಈ ಶುಲ್ಕವನ್ನು ಮುಂದಿನ ಐದು ವರ್ಷ, ಎರಡನೆಯ ಮಗುವಿಗೂ ಸೇರಿಸಿ, ಸಾಲವಿಲ್ಲದೆ ಕಟ್ಟಲು ಸಾಧ್ಯವೇ? ನಾಳೆಯೇ ಊರಿಗೆ ಮರಳಬೇಕಾಗಿ ಬಂದರೆ ಮಗು ಯಾವ ತರಗತಿಗೆ ಸೇರುತ್ತದೆ? ಇವಕ್ಕೆಲ್ಲ ಉತ್ತರ ಬ್ರೋಷರ್‌ನಲ್ಲಿ ಸಿಗುವುದಿಲ್ಲ. ಶಾಲೆಗೆ ಹೋಗಿ, ಒಂದು ಬೆಳಿಗ್ಗೆ ಕುಳಿತು ನೋಡಬೇಕು, ಅಲ್ಲಿ ಓದುವ ಮಕ್ಕಳ ತಾಯಂದಿರನ್ನು ಕೇಳಬೇಕು. ಪ್ರಾಥಮಿಕ ತರಗತಿಗಳಲ್ಲಿ ಪಠ್ಯಕ್ರಮ ಬದಲಾದರೆ ಮಗು ಬೇಗ ಹೊಂದಿಕೊಳ್ಳುತ್ತದೆ. ಹದಿನೆಂಟನೇ ವಯಸ್ಸಿನ ಕೆನಡಾದ ಸೀಟಿಗಾಗಿ ನಾಲ್ಕನೇ ವಯಸ್ಸಿನ ನೆಮ್ಮದಿಯನ್ನು ಒತ್ತೆಯಿಡುವ ಅಗತ್ಯವಿಲ್ಲ.

ಸಮುದಾಯಕ್ಕೂ ಒಂದು ಹೊಣೆಯಿದೆ. ಭಟ್ಕಳದ ಹಿರಿಯರು 1919ರಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಕಟ್ಟಿದಾಗ ಊರಿನ ಮಕ್ಕಳಿಗೆ ಆಧುನಿಕ ಶಿಕ್ಷಣ ಬೇಕು, ಅದನ್ನು ಎಲ್ಲರೂ ಸೇರಿ ಕೊಡಬೇಕು ಎಂದು ಯೋಚಿಸಿದರು. ಕೊಲ್ಲಿಯಲ್ಲಿರುವ ನಮ್ಮ ಸಂಘಟನೆಗಳಿಗೆ ದುಡಿಮೆಯೂ ಇದೆ, ಉದಾರತೆಯೂ ಇದೆ. ಅವು ಊರಿನ ಶಾಲೆಗಳಿಗೆ ಕೊಡುತ್ತವೆ, ವಿದ್ಯಾರ್ಥಿವೇತನ ಹಂಚುತ್ತವೆ. ಆದರೆ ಪಕ್ಕದ ಕಟ್ಟಡದಲ್ಲಿ ಶುಲ್ಕ ಕಟ್ಟಲಾಗದೆ ಕುಟುಂಬವನ್ನು ಊರಿಗೆ ಕಳಿಸುತ್ತಿರುವ ನೌಕರ ಅವುಗಳ ಪಟ್ಟಿಯಲ್ಲಿ ಇರುವುದು ಅಪರೂಪ. ಭಾಷೆಯ ವಿಷಯದಲ್ಲೂ ಅಷ್ಟೆ. ಕೇರಳ ಸರಕಾರ 2009ರಲ್ಲಿ ಮಲಯಾಳಂ ಮಿಷನ್ ಸ್ಥಾಪಿಸಿ ಹೊರನಾಡಿನ ಮಕ್ಕಳಿಗೆ ಭಾಷೆ ಕಲಿಸಲು ವ್ಯವಸ್ಥೆ ಮಾಡಿತು. ಕನ್ನಡದಲ್ಲಿ ಈ ಹೊರೆ ಬಹುಪಾಲು ಸ್ವಯಂಸೇವಕರ ಹೆಗಲ ಮೇಲಿದೆ. ದುಬೈಯಲ್ಲಿ 2014ರಲ್ಲಿ ಶುರುವಾದ ಕನ್ನಡ ಪಾಠಶಾಲೆ ರಜಾದಿನಗಳಲ್ಲಿ ಉಚಿತವಾಗಿ ಅಕ್ಷರ ಕಲಿಸುತ್ತದೆ. ಅಂಥ ಕಡೆಗೆ ನಮ್ಮ ಸಮುದಾಯದ ಮಕ್ಕಳೂ ಹೆಚ್ಚು ಹೆಚ್ಚು ಹೋಗಬೇಕು. ಹಿಂದೂ, ಕ್ರೈಸ್ತ, ಮುಸ್ಲಿಮ್ ಮಕ್ಕಳು ಅಲ್ಲಿ ಒಂದೇ ಬೆಂಚಿನಲ್ಲಿ ಕೂತು ‘ಅ ಆ ಇ ಈ’ ತಿದ್ದಿದರೆ, ಊರಿನಲ್ಲಿ ದಿನೇ ದಿನೇ ಅಪರೂಪವಾಗುತ್ತಿರುವ ಒಂದು ಸಂಗತಿ ಪರದೇಶದಲ್ಲಾದರೂ ಅವರಿಗೆ ಸಿಕ್ಕಂತಾಗುತ್ತದೆ.

ಶಾಲೆಯ ಹೆಸರಿನಲ್ಲಿ ಯಾವ ದೇಶವಿದೆ ಎಂಬುದು ಮಗುವಿಗೆ ಗೊತ್ತಾಗುವುದಿಲ್ಲ. ಸಂಜೆ ಮನೆಯಲ್ಲಿ ತಂದೆ ತಾಯಿ ಇಬ್ಬರೂ ಇದ್ದಾರೆಯೇ, ತನ್ನ ಮಾತು ಅವರಿಗೆ, ಅವರ ಮಾತು ತನಗೆ ತಿಳಿಯುತ್ತದೆಯೇ ಎಂಬುದು ಗೊತ್ತಾಗುತ್ತದೆ. ಈ ಎರಡನ್ನು ಉಳಿಸಿಕೊಳ್ಳಲು ಬಿಡುವ ಶಾಲೆ ಸಣ್ಣದಾಗಿದ್ದರೂ ಪರವಾಗಿಲ್ಲ. ಇವೆರಡನ್ನು ಕಸಿದುಕೊಳ್ಳುವ ಶಾಲೆ ಎಷ್ಟೇ ದೊಡ್ಡದಾಗಿದ್ದರೂ ನಾಲ್ಕು ವರ್ಷದ ಮಗುವಿಗೆ ಅದು ತಕ್ಕುದಲ್ಲ.